ಹುಡುಕಿದರೆ ಸಿಗದ ಕನ್ನಡ

ಓದಬೇಕೆಂದರೆ ಈಗ ಮೊದಲು ಹುಡುಕಬೇಕು. ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು ಇಂದಿಗೂ ಇದ್ದಾರೆ. ಆದರೆ ದಿನದ ಕೆಲಸಕ್ಕೆ ಬೇಕಾದ ಓದು ಬೇರೆಯೇ ದಾರಿ ಹಿಡಿದಿದೆ. ವಕೀಲರಿಗೆ ಹಳೆಯ ಅಧಿಸೂಚನೆಯೊಂದು ಬೇಕು, ಶಾಲೆಯ ಮೇಷ್ಟರಿಗೆ ವರ್ಗಾವಣೆಯ ನಿಯಮ ಬೇಕು, ರೈತನಿಗೆ ಬೆಳೆ ವಿಮೆಯ ಕೊನೆಯ ದಿನಾಂಕ ಬೇಕು, ಪಂಚಾಯಿತಿಯ ಪಿಡಿಒಗೆ ಕಳೆದ ವರ್ಷದ ಸುತ್ತೋಲೆ ಬೇಕು. ಎಲ್ಲರೂ ಮಾಡುವುದು ಒಂದೇ: ಫೋನು ತೆಗೆದು ಎರಡು ಪದ ಒತ್ತುತ್ತಾರೆ, ಇಲ್ಲವೇ ಬಾಯಲ್ಲೇ ಕೇಳುತ್ತಾರೆ, ಬಂದದ್ದನ್ನು ಓದುತ್ತಾರೆ. ಹಾಗೆ ಬಾರದೇ ಹೋದದ್ದು ಅವರ ಮಟ್ಟಿಗೆ ಇದ್ದೂ ಇಲ್ಲದಂತೆ. ಈ ಬದಲಾವಣೆಯ ನಡುವೆ ಕನ್ನಡದ ಸ್ಥಿತಿ ವಿಚಿತ್ರವಾಗಿದೆ. ನಮ್ಮಲ್ಲಿ ಬರವಣಿಗೆಗೆ ಬರವಿಲ್ಲ. ಸರ್ಕಾರದ ಆದೇಶಗಳಿಂದ ಹಿಡಿದು ಸಂಶೋಧನ ಗ್ರಂಥಗಳವರೆಗೆ ಕನ್ನಡದಲ್ಲಿ ಪ್ರತಿದಿನ ರಾಶಿ ರಾಶಿ ಪುಟಗಳು ತಯಾರಾಗುತ್ತವೆ. ಅವುಗಳಲ್ಲಿ ದೊಡ್ಡ ಪಾಲು ಹುಡುಕಿದರೆ ಸಿಗದ ರೂಪದಲ್ಲಿ ಹೊರಬರುತ್ತಿದೆ. ಇದಕ್ಕೆ ತಂತ್ರಜ್ಞಾನದ ಕೊರತೆ ಕಾರಣವೆಂದು ಹೇಳುವ ಕಾಲ ಮುಗಿದು ಬಹಳ ದಿನವಾಯಿತು. ಈಗ ಅಡ್ಡ ಬಂದಿರುವುದು ನಮ್ಮ ಕಚೇರಿಗಳು ಮತ್ತು ಪ್ರಕಾಶನ ಸಂಸ್ಥೆಗಳು ಬಿಡಲೊಲ್ಲದ ಹಳೆಯ ರೂಢಿ.

ಒಂದು ಸುತ್ತೋಲೆ ಹುಟ್ಟುವ ಬಗೆಯನ್ನೇ ನೋಡಿ. ಅದನ್ನು ಕಂಪ್ಯೂಟರಿನಲ್ಲಿ ಅಕ್ಷರ ಅಕ್ಷರವಾಗಿ ಬೆರಳಚ್ಚು ಮಾಡುತ್ತಾರೆ. ಮುದ್ರಿಸಿ ಅಧಿಕಾರಿಯ ಮುಂದಿಡುತ್ತಾರೆ. ಸಹಿ, ಮೊಹರು ಬಿದ್ದ ಮೇಲೆ ಅದೇ ಹಾಳೆಯನ್ನು ಸ್ಕ್ಯಾನರಿನಲ್ಲಿಟ್ಟು ಪಿಡಿಎಫ್ ಮಾಡುತ್ತಾರೆ. ಹಾಳೆ ಕೊಂಚ ವಾಲಿರುತ್ತದೆ, ಮೊಹರಿನ ನೇರಳೆ ಶಾಯಿ ಕೊನೆಯ ಸಾಲಿನ ಮೇಲೆ ಹರಡಿರುತ್ತದೆ. ಅದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದು ತಾಲ್ಲೂಕು ತಲುಪುತ್ತದೆ. ಅಲ್ಲಿ ಯಾರೋ ಅದನ್ನು ಮತ್ತೆ ಮುದ್ರಿಸಿ, ಮೇಲೊಂದು ಒಕ್ಕಣೆ ಸೇರಿಸಿ, ಮತ್ತೆ ಸ್ಕ್ಯಾನ್ ಮಾಡಿ ಪಂಚಾಯಿತಿಗೆ ಕಳಿಸುತ್ತಾರೆ. ಹುಟ್ಟಿದಾಗ ಅಕ್ಷರಗಳಾಗಿದ್ದ ಬರಹ ಜನರ ಕೈಗೆ ಬರುವಷ್ಟರಲ್ಲಿ ಬರೀ ಫೋಟೊ ಆಗಿರುತ್ತದೆ. ಅದರೊಳಗೆ ಒಂದು ಪದವನ್ನು ಹುಡುಕಲಾಗದು, ಒಂದು ಸಾಲನ್ನು ನಕಲು ಮಾಡಿ ಅರ್ಜಿಗೆ ಅಂಟಿಸಲಾಗದು. ಕಡತದ ಸಂಖ್ಯೆ ಗೊತ್ತಿರುವವರಿಗೆ ಮಾತ್ರ ಅದು ಸಿಗುತ್ತದೆ. ಸಂಖ್ಯೆ ಗೊತ್ತಿರುವುದು ಒಳಗಿನ ಗುಮಾಸ್ತರಿಗೆ. ಹೊರಗಿನವರು ಅವರನ್ನೇ ಕೇಳಬೇಕು. ಕಂಪ್ಯೂಟರು ಬಂದ ಮೇಲೂ ಕಚೇರಿಯ ಕಿಟಕಿಯ ಮುಂದೆ ನಿಲ್ಲುವುದು ತಪ್ಪಲಿಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ.

ಸ್ಕ್ಯಾನ್ ಮಾಡದೆ ನೇರವಾಗಿ ಪಿಡಿಎಫ್ ಮಾಡಿದ ಕಡತಗಳದ್ದು ಇನ್ನೊಂದು ಕತೆ. ಹಳೆಯ ನುಡಿ ಫಾಂಟಿನಲ್ಲಿ ಸಿದ್ಧವಾದ ಪುಟದಿಂದ ‘ಕನ್ನಡ’ ಎಂಬ ಪದವನ್ನೇ ನಕಲು ಮಾಡಿ ಬೇರೆಡೆ ಅಂಟಿಸಿದರೆ ಕಾಣಿಸುವುದು ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಓರೆಗೆರೆ ಹೊತ್ತ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಹೀಗೆ. ಕಾರಣ ಸರಳ. ಆ ಕಾಲದ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ನೋಡುವ ಕಣ್ಣಿಗೆ ಕನ್ನಡ, ಯಂತ್ರದ ಲೆಕ್ಕದಲ್ಲಿ ಇಂಗ್ಲಿಷಿನ ಕಲಸುಮೇಲೋಗರ. ಇದನ್ನು ಮಾಡಿದವರ ತಪ್ಪೆಂದು ಹೇಳುವಂತಿಲ್ಲ. ಕೆ.ಪಿ. ರಾವ್ ಕನ್ನಡಕ್ಕೆ ಧ್ವನಿ ಆಧಾರಿತ ಕೀಲಿಮಣೆ ರೂಪಿಸಿದಾಗ, ಶೇಷಾದ್ರಿ ವಾಸು 1998ರಲ್ಲಿ ಬರಹ ತಂತ್ರಾಂಶ ಕೊಟ್ಟಾಗ, ಅನಂತರ ಕನ್ನಡ ಗಣಕ ಪರಿಷತ್ತು ನುಡಿಯನ್ನು ತಂದಾಗ ಬೇರೆ ದಾರಿ ಇರಲಿಲ್ಲ. ಅವರಿಂದಾಗಿ ಕನ್ನಡ ಕಂಪ್ಯೂಟರಿನ ಒಳಗೆ ಬಂತು. ಆದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಪ್ರತ್ಯೇಕ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಿಂದ ಈಚೆಗೆ ಸಾಮಾನ್ಯ ಕಂಪ್ಯೂಟರುಗಳೂ ಅದನ್ನು ತೋರಿಸಬಲ್ಲವು. ರಾಜ್ಯ ಸರ್ಕಾರ ಯೂನಿಕೋಡನ್ನು ಶಿಷ್ಟತೆಯೆಂದು ಒಪ್ಪಿಕೊಂಡೂ ಒಂದು ದಶಕ ದಾಟಿದೆ. ಬರಹ, ನುಡಿ ಎರಡೂ ಯೂನಿಕೋಡಿಗೆ ಬಂದಾಗಿದೆ. ಆದರೂ ಎಷ್ಟೋ ಕಚೇರಿಗಳ, ಡಿಟಿಪಿ ಅಂಗಡಿಗಳ ಕಂಪ್ಯೂಟರಿನಲ್ಲಿ ಹಳೆಯ ಫಾಂಟೇ ಕೂತಿದೆ.

ಅಕ್ಷರ ಅಕ್ಷರವಾಗಿಯೇ ಉಳಿದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಒಳ್ಳೆಯ ಉದಾಹರಣೆಗಳಿವೆ. ಈ ಶತಮಾನದ ಆರಂಭದಲ್ಲಿ ಬಂದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳನ್ನು ಫೋಟೊ ಹಿಡಿದು ಇಟ್ಟಿದ್ದರೂ ಅದನ್ನು ಗಣಕೀಕರಣ ಎನ್ನಬಹುದಿತ್ತು. ಹಾಗೆ ಮಾಡದೆ ಹೆಸರು, ಸರ್ವೆ ನಂಬರು, ವಿಸ್ತೀರ್ಣ, ಬೆಳೆ ಎಲ್ಲವನ್ನೂ ಒಂದೊಂದಾಗಿ ದಾಖಲಿಸಿದ್ದರಿಂದಲೇ ಸರ್ವೆ ನಂಬರು ಕೊಟ್ಟರೆ ಪಹಣಿ ಬರುವಂತಾಯಿತು. ಬ್ಯಾಂಕಿನವರು ಸಾಲ ಕೊಡುವಾಗ ಕೂತಲ್ಲೇ ಅದನ್ನು ನೋಡುವಂತಾಯಿತು. ಸಾಹಿತ್ಯದ ಕಡೆ ಬಂದರೆ ‘ವಚನ ಸಂಚಯ’ವಿದೆ. ಸರ್ಕಾರ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳಲ್ಲಿ ತಂದ ವಚನಗಳು ವಿದ್ವಾಂಸರ ಕಪಾಟುಗಳಲ್ಲಿದ್ದವು. ಓ.ಎಲ್. ನಾಗಭೂಷಣಸ್ವಾಮಿಯವರ ಜೊತೆಗೂಡಿ ತಂತ್ರಜ್ಞರ ಸಣ್ಣ ಗುಂಪೊಂದು 200ಕ್ಕೂ ಹೆಚ್ಚು ವಚನಕಾರರ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡಿನಲ್ಲಿ ಹುಡುಕಲು ಬರುವಂತೆ ಮಾಡಿತು. ‘ಕಾಯಕ’ ಎಂದು ಕೊಟ್ಟರೆ ಆ ಪದ ಯಾವ ವಚನಕಾರರಲ್ಲಿ ಎಷ್ಟು ಬಾರಿ ಬಂದಿದೆ, ಯಾರಲ್ಲಿ ಬಂದೇ ಇಲ್ಲ ಎಂಬುದು ಕಣ್ಣಮುಂದೆ ಬರುತ್ತದೆ. ಹಿಂದೆ ಸಂಶೋಧಕರು ಚೀಟಿ ಬರೆದು ಬರೆದು ತಿಂಗಳುಗಟ್ಟಲೆ ಮಾಡುತ್ತಿದ್ದ ಕೆಲಸವಿದು. ಈಗ ಬಿ.ಎ. ಓದುವ ಹುಡುಗಿಯೂ ಮಾಡಬಹುದು. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷ ನಮೂದುಗಳ ‘ಅಲರ್’ ನಿಘಂಟು ಮುಕ್ತವಾಗಿ ಅಂತರಜಾಲಕ್ಕೆ ಬಂದದ್ದರಿಂದ ಅನುವಾದಕರ ದಿನದ ಕೆಲಸವೇ ಹಗುರಾಯಿತು. ಈ ಮೂರರಲ್ಲೂ ಯಂತ್ರದ ಪವಾಡವೇನಿಲ್ಲ. ಅಕ್ಷರವನ್ನು ಅಕ್ಷರವಾಗಿ ಉಳಿಸಿಕೊಂಡ ಶಿಸ್ತು ಇದೆ, ಅಷ್ಟೇ.

ಆ ಶಿಸ್ತು ಇಲ್ಲದೆ ಹೋದಾಗ ನಷ್ಟ ಎಲ್ಲರಿಗೂ ಒಂದೇ ಸಮನಾಗಿ ತಟ್ಟುವುದಿಲ್ಲ. ಕಣ್ಣು ಕಾಣದವರು ಕಂಪ್ಯೂಟರನ್ನು ಓದುವುದು ಪರದೆಯ ಅಕ್ಷರಗಳನ್ನು ಧ್ವನಿಯಾಗಿಸುವ ತಂತ್ರಾಂಶದ ಮೂಲಕ. ಯೂನಿಕೋಡಿನ ಕನ್ನಡವನ್ನು ಅದು ಓದಿ ಹೇಳುತ್ತದೆ. ಸ್ಕ್ಯಾನ್ ಮಾಡಿದ ಆದೇಶದ ಮುಂದೆ ಮೂಕವಾಗುತ್ತದೆ. ಹಳೆಯ ಫಾಂಟಿನ ಕಡತ ಕೊಟ್ಟರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಬಡಬಡಿಸುತ್ತದೆ. ಅಂಗವಿಕಲರಿಗೆ ಸಿಗಬೇಕಾದ ಸವಲತ್ತಿನ ಆದೇಶವೇ ಅವರು ಓದಲಾಗದ ರೂಪದಲ್ಲಿ ಬಂದರೆ ಅದನ್ನು ಏನೆನ್ನಬೇಕು? ವಿದ್ಯುನ್ಮಾನ ಮಾಹಿತಿ ಅಂಗವಿಕಲರ ಕೈಗೆಟುಕುವ ರೂಪದಲ್ಲಿರಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳುತ್ತದೆ. ದಾಖಲೆಗಳನ್ನು ಸೂಚಿಯೊಂದಿಗೆ, ಸುಲಭವಾಗಿ ಸಿಗುವಂತೆ ಇಡಬೇಕು, ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟುಕೊಳ್ಳಬೇಕು ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು ಹೇಳುತ್ತದೆ. ಕಾನೂನು ಸ್ಪಷ್ಟವಾಗಿಯೇ ಇದೆ, ಪಾಲನೆ ಇಲ್ಲ. ಇದರ ಮೇಲೆ ಈಗ ಕೃತಕ ಬುದ್ಧಿಮತ್ತೆ ಬಂದಿದೆ. ಪ್ರಶ್ನೆ ಕೇಳಿದರೆ ಉತ್ತರಿಸುವ ಈ ತಂತ್ರಾಂಶಗಳು ಕಲಿಯುವುದು ಅಕ್ಷರರೂಪದಲ್ಲಿ ಸಿಗುವ ಬರಹದಿಂದ. 2011ರ ಜನಗಣತಿಯಂತೆ 4.37 ಕೋಟಿ ಜನರ ತಾಯ್ನುಡಿಯಾದ ಕನ್ನಡ ಆ ಕಲಿಕೆಯ ರಾಶಿಯಲ್ಲಿ ಹಿಡಿಯಷ್ಟೂ ಇಲ್ಲ. 60 ಲಕ್ಷಕ್ಕೂ ಹೆಚ್ಚು ಲೇಖನಗಳಿರುವ ಇಂಗ್ಲಿಷ್ ವಿಕಿಪೀಡಿಯದ ಪಕ್ಕ 30 ಸಾವಿರ ದಾಟಿರುವ ಕನ್ನಡ ವಿಕಿಪೀಡಿಯವನ್ನು ಇಟ್ಟು ನೋಡಿದರೆ ಅಂತರ ಗೊತ್ತಾಗುತ್ತದೆ. ನಮ್ಮವರು ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಕಲಿತ ಉತ್ತರ ಕನ್ನಡದ ವೇಷ ತೊಟ್ಟು ಬರುತ್ತಿರುವುದು ಇದರಿಂದಲೇ.

ಹಾಗಿದ್ದರೆ ಯಂತ್ರಕ್ಕೇ ಚಿತ್ರದಿಂದ ಅಕ್ಷರ ಓದಿಸಿದರಾಯಿತಲ್ಲ ಎಂಬ ಮಾತಿದೆ. ಒಸಿಆರ್ ತಂತ್ರಾಂಶಗಳು ಕನ್ನಡವನ್ನು ಮೊದಲಿಗಿಂತ ಎಷ್ಟೋ ಚೆನ್ನಾಗಿ ಓದುತ್ತಿವೆ, ನಿಜ. ಹಳೆಯ ಪುಸ್ತಕ, ಪತ್ರಿಕೆಗಳಿಗೆ ಅದೇ ದಾರಿ. ಆದರೆ ಸೊನ್ನೆ ಮತ್ತು ಅನುಸ್ವಾರ, ೬ ಮತ್ತು ೯, ‘ಪ’ ಮತ್ತು ‘ವ’ ನಡುವಿನ ವ್ಯತ್ಯಾಸ ಮಾಸಿದ ಪ್ರತಿಯಲ್ಲಿ ಮನುಷ್ಯರಿಗೇ ಕಷ್ಟ. ಕಾಲಿಗಂಟಿದ ಒತ್ತಕ್ಷರಗಳಂತೂ ಯಂತ್ರವನ್ನು ಇಂದಿಗೂ ಎಡವಿಸುತ್ತವೆ. ಕಾದಂಬರಿಯಲ್ಲಿ ಒಂದಕ್ಷರ ತಪ್ಪಿದರೆ ಓದುಗ ತಾನೇ ತಿದ್ದಿಕೊಂಡು ಮುಂದೆ ಹೋಗುತ್ತಾನೆ. ಸರ್ವೆ ನಂಬರಿನಲ್ಲಿ, ದಂಡದ ಮೊತ್ತದಲ್ಲಿ, ಫಲಾನುಭವಿಯ ಹೆಸರಿನಲ್ಲಿ ತಪ್ಪಿದರೆ ಅಲೆಯುವುದು ಬಡವ. ಹೋಗಲಿ, ಯಂತ್ರ ನೂರಕ್ಕೆ ನೂರು ಸರಿಯಾಗಿ ಓದುತ್ತದೆ ಎಂದೇ ಇಟ್ಟುಕೊಳ್ಳೋಣ. ಅಕ್ಷರವಾಗಿಯೇ ಇದ್ದುದನ್ನು ಚಿತ್ರ ಮಾಡಿ, ಆ ಚಿತ್ರವನ್ನು ಮತ್ತೆ ಅಕ್ಷರ ಮಾಡಲು ಸರ್ಕಾರದ ದುಡ್ಡು ಸುರಿಯುವುದರಲ್ಲಿ ಯಾವ ಜಾಣತನವಿದೆ? ತಾಲ್ಲೂಕು ಕಚೇರಿಯ ಹಳೆಯ ಕೈಬರಹದ ಕಡತಗಳನ್ನು ಸ್ಕ್ಯಾನ್ ಮಾಡುವುದು ಅಗತ್ಯ, ಒಳ್ಳೆಯ ಕೆಲಸ. ನಿನ್ನೆ ಸಂಜೆ ಬೆರಳಚ್ಚಾದ ಆದೇಶಕ್ಕೆ ಆ ಗತಿ ಬೇಕಿಲ್ಲ.

ಸಹಿ ಇಲ್ಲದ ಆದೇಶಕ್ಕೆ ಬೆಲೆ ಏನು ಎಂದು ಅಧಿಕಾರಿಗಳು ಕೇಳುತ್ತಾರೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಗೆ ಕೈ ಸಹಿಯಷ್ಟೇ ಮಾನ್ಯತೆ ಕೊಟ್ಟಿದೆ. ಅದೂ ಬೇಡವೆಂದರೆ ಸಹಿಯ ಪ್ರತಿಯ ಪಕ್ಕದಲ್ಲೇ ಮೂಲ ಬರಹವನ್ನೂ ಹಾಕಬಹುದು. ಅದಕ್ಕೆ ಒಂದು ನಿಮಿಷ ಹೆಚ್ಚು ಹಿಡಿಯುವುದಿಲ್ಲ. ಮುದ್ರಣದವರ ಆಕ್ಷೇಪಣೆಗೆ ಹೆಚ್ಚು ತೂಕವಿತ್ತು. ಪೇಜ್‌ಮೇಕರ್ ಯೂನಿಕೋಡನ್ನು ತಿಳಿಯದು, ಯೂನಿಕೋಡಿನಲ್ಲಿ ಚೆಂದದ ಕನ್ನಡ ಫಾಂಟುಗಳಿಲ್ಲ ಎಂಬ ದೂರು ಬಹಳ ಕಾಲ ನ್ಯಾಯವಾಗಿಯೇ ಇತ್ತು. ಈಗ ಪೇಜ್‌ಮೇಕರನ್ನು ಅದರ ತಯಾರಕರೇ ಕೈಬಿಟ್ಟಿದ್ದಾರೆ. ಅದರ ಜಾಗಕ್ಕೆ ಬಂದ ಇನ್‌ಡಿಸೈನ್ ಕನ್ನಡ ಯೂನಿಕೋಡನ್ನು ಸರಿಯಾಗಿ ಜೋಡಿಸುತ್ತದೆ. ನೋಟೊ, ಬಾಲೂ ತಮ್ಮ, ನವಿಲು, ಗುಬ್ಬಿಯಂಥ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಕೀಲಿಮಣೆ ಅದೇ, ಬೆರಳಿನ ಅಭ್ಯಾಸವೂ ಅದೇ. ಫಾಂಟುಗಳ ಸಂಖ್ಯೆ ಇನ್ನೂ ಹೆಚ್ಚಬೇಕು ಎಂಬುದು ಸರಿ. ಆದರೆ ಅದು ಹಳೆಯದಕ್ಕೆ ಅಂಟಿಕೊಳ್ಳಲು ಕಾರಣವಾಗದು.

ಪ್ರಕಾಶಕರ ಭಯ ಬೇರೆ: ಬರಹವನ್ನು ಹುಡುಕುವಂತೆ ಕೊಟ್ಟರೆ ಕದಿಯುವುದೂ ಸಲೀಸು ಎಂದು. ಕದಿಯುವವರು ಅದಕ್ಕಾಗಿ ಕಾದು ಕೂತಿಲ್ಲ. ಹೊಸ ಪುಸ್ತಕಗಳನ್ನು ಫೋಟೊ ಹಿಡಿದು ಟೆಲಿಗ್ರಾಮಿನಲ್ಲಿ ಹಂಚುವುದು ನಡೆದೇ ಇದೆ. ಹುಡುಕಲು ಬರುವಂತೆ ಮಾಡುವುದೆಂದರೆ ಇಡೀ ಪುಸ್ತಕವನ್ನು ಪುಕ್ಕಟೆ ಕೊಡುವುದೂ ಅಲ್ಲ. ಪರಿವಿಡಿ, ಪದಸೂಚಿ, ಕೆಲವು ಪುಟ ಸಿಕ್ಕರೂ ಓದುಗನಿಗೆ ಅಂಥದ್ದೊಂದು ಪುಸ್ತಕವಿದೆ ಎಂದು ಗೊತ್ತಾಗುತ್ತದೆ. ಹಕ್ಕುಸ್ವಾಮ್ಯದ ಮಾತೇ ಬಾರದ ಪುಸ್ತಕಗಳೂ ಧಾರಾಳವಾಗಿವೆ. ಲೇಖಕ ತೀರಿಕೊಂಡ 60 ವರ್ಷಗಳ ನಂತರ ಕೃತಿ ಎಲ್ಲರದೂ ಆಗುತ್ತದೆ. ಪಂಜೆ ಮಂಗೇಶರಾಯರು, ಬಿ.ಎಂ.ಶ್ರೀ, ಕೈಲಾಸಂ, ಮುಳಿಯ ತಿಮ್ಮಪ್ಪಯ್ಯನವರ ಬರಹಗಳು ಯಾರ ಅಪ್ಪಣೆಯನ್ನೂ ಬೇಡುವುದಿಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಇಂಥ ಸಾವಿರಾರು ಕನ್ನಡ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿಟ್ಟಿತು. ಆದರೆ ಎಷ್ಟೋ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಮನಬಂದಂತೆ ಬರೆದಿಟ್ಟಿದ್ದರಿಂದ, ಹೆಸರು ಗೊತ್ತಿದ್ದು ಹುಡುಕಿದವರೂ ಬರಿಗೈಯಲ್ಲಿ ಮರಳುವಂತಾಯಿತು.

ಕೊನೆಯ ಆಕ್ಷೇಪಣೆ ಓದನ್ನು ಪ್ರೀತಿಸುವವರದು. ಹುಡುಕುವ ಚಟ ಓದುವ ತಾಳ್ಮೆಯನ್ನು ತಿನ್ನುತ್ತದೆ, ಬೇಕಾದ ಸಾಲನ್ನಷ್ಟೇ ಹೆಕ್ಕಿಕೊಂಡವನಿಗೆ ಅದರ ಹಿಂದುಮುಂದು ತಿಳಿಯದು ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ವಚನ ಸಂಚಯದಲ್ಲಿ ಪದ ಹುಡುಕಿ ಪ್ರಬಂಧ ಬರೆದವರೆಲ್ಲ ವಚನ ಓದಿದವರಲ್ಲ. ಆದರೆ ಹುಡುಕಾಟವನ್ನು ತಡೆದರೆ ತಾಳ್ಮೆ ಮರಳುತ್ತದೆಯೇ? ಕನ್ನಡದಲ್ಲಿ ಸಿಗದಿದ್ದರೆ ಹುಡುಗ ಹುಡುಗಿಯರು ಗ್ರಂಥಾಲಯಕ್ಕೆ ಓಡುವುದಿಲ್ಲ, ಇಂಗ್ಲಿಷಿನಲ್ಲಿ ಹುಡುಕುತ್ತಾರೆ. ಆಗ ಹೋಗುವುದು ಆಳವಾದ ಓದು ಮಾತ್ರವಲ್ಲ, ಕನ್ನಡದ ಓದೇ. ನಿಧಾನವಾಗಿ ಓದುವುದನ್ನು ಕಲಿಸಬೇಕಾದದ್ದು ಶಾಲೆ ಮತ್ತು ಮನೆ. ಓದುಗನನ್ನು ಪುಸ್ತಕದ ಬಾಗಿಲವರೆಗೆ ಕರೆತರುವುದು ಹುಡುಕಾಟದ ಕೆಲಸ. ಒಂದರ ಕೊರತೆಯನ್ನು ಇನ್ನೊಂದನ್ನು ಮುಚ್ಚಿ ತುಂಬಲಾಗದು.

ಆಗಬೇಕಾದ ಕೆಲಸಗಳು ದೊಡ್ಡವಲ್ಲ. ಸರ್ಕಾರದ ಯಾವ ಆದೇಶ, ಸುತ್ತೋಲೆ, ವರದಿಯೂ ಯೂನಿಕೋಡ್ ಬರಹವಿಲ್ಲದೆ ಬರೀ ಚಿತ್ರವಾಗಿ ಪ್ರಕಟವಾಗಕೂಡದು. ಹಾಗೆ ಬಂದರೆ ಅದು ಪ್ರಕಟವಾದಂತೆ ಎಂದು ಲೆಕ್ಕಕ್ಕೆ ಹಿಡಿಯಬಾರದು. ವಿಶ್ವವಿದ್ಯಾಲಯಗಳು, ಅಕಾಡೆಮಿಗಳು, ಕನ್ನಡ ಪುಸ್ತಕ ಪ್ರಾಧಿಕಾರ ಜನರ ದುಡ್ಡಿನಲ್ಲಿ ಪ್ರಕಟಿಸಿದ ಗ್ರಂಥಗಳ ಮೂಲ ಕಡತಗಳನ್ನು ಮುದ್ರಕರಿಂದ ಪಡೆದು ಯೂನಿಕೋಡಿಗೆ ಬದಲಾಯಿಸಿ ಇಡಬೇಕು. ಬದಲಾಯಿಸುವ ತಂತ್ರಾಂಶಗಳು ಉಚಿತವಾಗಿಯೇ ಇವೆ. ಹಳೆಯ ಫಾಂಟಿನಲ್ಲಿ ಹೂತುಹೋದ ತಮ್ಮದೇ ಸಂಚಿಕೆಗಳ ಬಗ್ಗೆ ಪತ್ರಿಕೆಗಳೂ ಯೋಚಿಸಬೇಕು. ಓದುಗರೂ ಸುಮ್ಮನಿರಬೇಕಿಲ್ಲ: ಮುಂದಿನ ಸಲ ಕಚೇರಿಯೊಂದು ಮಸುಕು ಪಿಡಿಎಫ್ ಕಳಿಸಿದಾಗ ಅದರ ಅಕ್ಷರರೂಪವನ್ನು ಲಿಖಿತವಾಗಿ ಕೇಳಿ. ಕೇಳುವ ಹಕ್ಕನ್ನು ಕಾನೂನು ಕೊಟ್ಟಿದೆ. ಕೇಳುವವರು ಹೆಚ್ಚಿದರೆ ಮಾತ್ರ ಈ ರೂಢಿ ಬದಲಾಗುತ್ತದೆ.