ಎಮ್ಯುಲೇಟರ್ ಕೇಳದ ಪ್ರಶ್ನೆಗಳು

ಶಾಲಾ ಮಕ್ಕಳಿಗೆಂದು ರೂಪಿಸುವ ಅಗ್ಗದ ಲ್ಯಾಪ್‌ಟಾಪ್‌ಗಳ ಚರ್ಚೆ ಬೆಲೆಯಲ್ಲಿ ಆರಂಭವಾಗಿ ಬೆಲೆಯಲ್ಲೇ ಮುಗಿಯುವುದು ರೂಢಿಯಾಗಿರುವುದರಿಂದ, ಅವುಗಳಲ್ಲಿ ಓಡುವ ತಂತ್ರಾಂಶವನ್ನು ಬರೆಯುವವರ ಮೇಜಿನ ಮೇಲೆ ಯಾವ ಯಂತ್ರವಿರುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಅಂಗಡಿಯಲ್ಲಿ ಸಿಗದ, ಸರ್ಕಾರಗಳು ಸಗಟಾಗಿ ಕೊಂಡು ಶಾಲೆಗಳಿಗೆ ಹಂಚುವ ಇಂತಹ ಯಂತ್ರ ಮಕ್ಕಳ ಕೈ ಸೇರುತ್ತದೆಯೇ ಹೊರತು ತಂತ್ರಾಂಶ ಬರೆಯುವವರ ಕೈಗೆ ಬರುವುದು ಅಪರೂಪ. ಈ ಕೊರತೆಯನ್ನು ತುಂಬಲು ಬಳಕೆಯಾಗುವ ಸಾಧನವೇ ಎಮ್ಯುಲೇಟರ್, ಅಂದರೆ ಒಂದು ಕಂಪ್ಯೂಟರಿನೊಳಗೆ ಮತ್ತೊಂದು ಕಂಪ್ಯೂಟರಿನ ಪ್ರೊಸೆಸರ್, ಮೆಮೊರಿ, ಪರದೆಗಳ ಪಾತ್ರವನ್ನು ತಾನೇ ವಹಿಸುವ ತಂತ್ರಾಂಶ.

ಇದರ ಉಪಯೋಗವೂ ಮಿತಿಯೂ ಸ್ಪಷ್ಟವಾಗಿ ಕಂಡದ್ದು ‘ಒನ್ ಲ್ಯಾಪ್‌ಟಾಪ್ ಪರ್ ಚೈಲ್ಡ್’ ಯೋಜನೆಯಲ್ಲಿ. ಎಂಐಟಿ ಮೀಡಿಯಾ ಲ್ಯಾಬಿನ ನಿಕೊಲಸ್ ನೆಗ್ರೊಪಾಂಟೆ 2005ರಲ್ಲಿ 100 ಡಾಲರಿನ ಲ್ಯಾಪ್‌ಟಾಪ್ ಎಂದು ಘೋಷಿಸಿದ ಎಕ್ಸ್‌ಒ ಯಂತ್ರದ ಸಗಟು ತಯಾರಿಕೆ ಆರಂಭವಾದದ್ದು 2007ರ ನವೆಂಬರಿನಲ್ಲಿ, ಸುಮಾರು 188 ಡಾಲರ್ ಬೆಲೆಗೆ. ‘ಶುಗರ್’ ಎಂಬ ಅದರ ಕಲಿಕಾ ಪರಿಸರವನ್ನೂ, ಅದರಲ್ಲಿ ‘ಆಕ್ಟಿವಿಟಿ’ ಎಂದು ಕರೆಯಲಾಗುವ ಪಾಠ, ಆಟ, ಚಿತ್ರರಚನೆಯ ತಂತ್ರಾಂಶಗಳನ್ನೂ ಯಂತ್ರ ಹುಟ್ಟುವ ಮೊದಲೇ ಬರೆಯಬೇಕಾಗಿತ್ತು. ಆ ಯಂತ್ರವಾದರೂ ಒಂದೇ ರೂಪದಲ್ಲಿ ನಿಂತಿರಲಿಲ್ಲ: 2006ರ ಕೊನೆಯ ಪರೀಕ್ಷಾ ಮಾದರಿಗಳಲ್ಲಿ 128 ಎಂಬಿ ಇದ್ದ ಮೆಮೊರಿ ಅಂತಿಮ ಮಾದರಿಯಲ್ಲಿ 256 ಎಂಬಿಗೆ ಏರಿತು. ಹೀಗಿರುವಾಗ ಫ್ಯಾಬ್ರಿಸ್ ಬೆಲಾರ್ 2003ರಲ್ಲಿ ಬಿಡುಗಡೆ ಮಾಡಿದ ‘ಕ್ಯುಎಮು’ ಎಂಬ ಮುಕ್ತ ಎಮ್ಯುಲೇಟರ್ ನೆರವಿಗೆ ಬಂತು. ಎಕ್ಸ್‌ಒ ಯಂತ್ರದ ಇಡೀ ವ್ಯವಸ್ಥೆಯನ್ನು ಒಂದೇ ಕಡತದಲ್ಲಿ ಅಡಕಗೊಳಿಸಿದ ಡಿಸ್ಕ್ ಇಮೇಜನ್ನು ಇಳಿಸಿಕೊಂಡವರು, ಆ ಲ್ಯಾಪ್‌ಟಾಪನ್ನು ಎಂದೂ ಕಂಡಿಲ್ಲದಿದ್ದರೂ, ತಮ್ಮ ಪಿಸಿಯಲ್ಲೇ ಶುಗರನ್ನು ತೆರೆದು ಕೆಲಸಕ್ಕೆ ತೊಡಗಬಹುದಾಯಿತು. ಸಾಮಾನ್ಯ ಲಿನಕ್ಸ್‌ನೊಳಗೆ ಒಂದು ಕಿಟಕಿ ತೆರೆದು ಅದರಲ್ಲಿ ಶುಗರನ್ನು ಓಡಿಸುವ ಹಗುರವಾದ ದಾರಿಯೂ ಇತ್ತು. ಅದನ್ನು ಎಮ್ಯುಲೇಟರ್ ಎಂದು ಕರೆದದ್ದು ತುಸು ಹೆಚ್ಚೇ ಆಯಿತು, ಏಕೆಂದರೆ ಅದು ಅನುಕರಿಸುತ್ತಿದ್ದುದು ಪರದೆಯನ್ನು ಮಾತ್ರ, ಪ್ರೊಸೆಸರನ್ನಲ್ಲ.

ಕಾಣದ ಯಂತ್ರಕ್ಕೆ ತಂತ್ರಾಂಶ ಬರೆಯುವ ಪದ್ಧತಿ ಹೊಸದಲ್ಲ. 1975ರಲ್ಲಿ ಪಾಲ್ ಆ್ಯಲನ್ ಮತ್ತು ಬಿಲ್ ಗೇಟ್ಸ್ ಆಲ್ಟೇರ್ ಕಂಪ್ಯೂಟರಿಗಾಗಿ ಬೇಸಿಕ್ ಭಾಷೆಯನ್ನು ಸಿದ್ಧಪಡಿಸಿದ್ದು ಆ ಯಂತ್ರವನ್ನು ನೋಡಿ ಅಲ್ಲ. ಹಾರ್ವರ್ಡ್‌ನ ಪಿಡಿಪಿ-10 ಕಂಪ್ಯೂಟರಿನಲ್ಲಿ ಇಂಟೆಲ್ 8080 ಪ್ರೊಸೆಸರನ್ನು ಅನುಕರಿಸುವ ತಂತ್ರಾಂಶವನ್ನು ಆ್ಯಲನ್ ಬರೆದು, ಅದರ ಮೇಲೆ ಬೇಸಿಕ್ಕನ್ನು ಪರೀಕ್ಷಿಸಲಾಯಿತು. ಆಲ್ಟೇರ್ ತಯಾರಕರಿದ್ದ ಆಲ್ಬುಕರ್ಕಿಯಲ್ಲಿ ನಿಜವಾದ ಯಂತ್ರದ ಮೇಲೂ ಅದು ಓಡಿತು. ಆದರೆ ಕಾಗದದ ಪಟ್ಟಿಯಿಂದ ಬೇಸಿಕ್ಕನ್ನು ಓದಿ ಮೆಮೊರಿಗೆ ತುಂಬುವ ‘ಲೋಡರ್’ ಎಂಬ ಪುಟ್ಟ ತಂತ್ರಾಂಶವನ್ನು ಬರೆದೇ ಇಲ್ಲವೆಂಬುದು ಆ್ಯಲನ್‌ಗೆ ಹೊಳೆದದ್ದು ಪ್ರಯಾಣದ ನಡುವೆ, ವಿಮಾನದಲ್ಲಿ. ಈ ಮರೆವನ್ನು ಬರಿಯ ಅಜಾಗರೂಕತೆ ಎನ್ನಲಾಗದು. ಅನುಕರಣೆಯಲ್ಲಿ ಮೆಮೊರಿಯನ್ನು ನೇರವಾಗಿ ತುಂಬಬಹುದಾದ್ದರಿಂದ ಲೋಡರಿನ ಅಗತ್ಯವೇ ತಲೆದೋರುವುದಿಲ್ಲ. ಎಮ್ಯುಲೇಟರ್ ಕೇಳದಿರುವುದನ್ನು ಬರೆಯುವವರು ಮರೆಯುತ್ತಾರೆ.

ಎಕ್ಸ್‌ಒ ವಿಷಯದಲ್ಲಿ ಹೀಗೆ ಮರೆತುಹೋಗಬಹುದಾದ ಸಂಗತಿಗಳು ಅನೇಕ. ವೇಗವನ್ನೇ ನೋಡಿದರೆ, 433 ಮೆಗಾಹರ್ಟ್ಸ್‌ನ ಪ್ರೊಸೆಸರಿನ ಪಾತ್ರವನ್ನು ಹೊಸ ಪಿಸಿಯೊಂದು ವಹಿಸಿದಾಗ ಆಕ್ಟಿವಿಟಿ ನಿಜ ಯಂತ್ರಕ್ಕಿಂತ ಚುರುಕಾಗಿ ಓಡಬಹುದು, ಹಳೆಯ ಪಿಸಿ ವಹಿಸಿದಾಗ ಕುಂಟಬಹುದು. ಎರಡೂ ದಿಕ್ಕಿನಲ್ಲಿ ತಪ್ಪುವ ಅಳತೆಗೋಲು ಅಳತೆಗೋಲೇ ಅಲ್ಲ. ಮೆಮೊರಿಯನ್ನು 256 ಎಂಬಿಗೆ ಮಿತಿಗೊಳಿಸಿ ಪರೀಕ್ಷಿಸುವುದು ಸುಲಭ, ಆದರೆ ಹಾಗೆ ಮಾಡಬೇಕೆಂದು ನೆನಪಿಸಿಕೊಳ್ಳಬೇಕು. ಎಕ್ಸ್‌ಒದಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಇದ್ದದ್ದು 1 ಜಿಬಿಯ ಫ್ಲಾಶ್ ಮೆಮೊರಿ, ಅದರಲ್ಲಿ ಬರೆಯುವಾಗಲೇ ದತ್ತಾಂಶವನ್ನು ಹಿಂಡಿ ಕಿರಿದಾಗಿಸುವ ಕಡತ ವ್ಯವಸ್ಥೆ. ಅಕ್ಕಪಕ್ಕದ ಲ್ಯಾಪ್‌ಟಾಪ್‌ಗಳು ಇಂಟರ್ನೆಟ್ ಇಲ್ಲದೆಯೂ ತಮ್ಮತಮ್ಮಲ್ಲೇ ಹೆಣೆದುಕೊಳ್ಳುವ ನಿಸ್ತಂತು ‘ಮೆಶ್’ ಜಾಲವಂತೂ ಒಂದು ಪಿಸಿಯೊಳಗಿನ ಅನುಕರಣೆಗೆ ನಿಲುಕುವಂಥದ್ದಲ್ಲ, ಒಂದೇ ತರಗತಿಯ ನಲವತ್ತು ಮಕ್ಕಳು ಏಕಕಾಲಕ್ಕೆ ಅದರಲ್ಲಿ ಸೇರಿದಾಗ ಆಗುವುದು ಇನ್ನೂ ದೂರದ ಮಾತು.

ಎಲ್ಲಕ್ಕಿಂತ ಹೆಚ್ಚು ದಾರಿತಪ್ಪಿಸುವುದು ಪರದೆ. ಮೇರಿ ಲೂ ಜೆಪ್ಸನ್ ರೂಪಿಸಿದ 7.5 ಇಂಚಿನ ಆ ಪರದೆಯಲ್ಲಿ ಅಡ್ಡಕ್ಕೆ 1,200, ಉದ್ದಕ್ಕೆ 900 ಬಿಂದುಗಳಿದ್ದು, ಇಂಚಿಗೆ 200ರಂತೆ ಒತ್ತಾಗಿ ಕೂರುತ್ತಿದ್ದವು. ಹಿಂಬದಿಯ ಬೆಳಕಿನಲ್ಲಿ ಬಣ್ಣ ತೋರಿಸುತ್ತಿದ್ದ ಅದೇ ಪರದೆ ಬಿಸಿಲಿನಲ್ಲಿ ಕಪ್ಪು, ಬಿಳಿ, ಬೂದು ಛಾಯೆಗಳಿಗೆ ಹೊರಳುತ್ತಿತ್ತು. ಮರದಡಿ ಪಾಠ ಕೇಳುವ ಮಗುವಿಗೆ ಇದು ವರವೇ ಸರಿ. ಆದರೆ ಸರಿಯುತ್ತರಕ್ಕೆ ಹಸಿರು, ತಪ್ಪಿಗೆ ಕೆಂಪು ಎಂದು ಒಂದೇ ಗಾಢತೆಯ ಎರಡು ಬಣ್ಣಗಳನ್ನು ಆರಿಸಿಕೊಂಡ ಆಕ್ಟಿವಿಟಿ ಬಿಸಿಲಿನಲ್ಲಿ ಎರಡನ್ನೂ ಒಂದೇ ಬೂದಾಗಿ ತೋರಿಸುತ್ತದೆ, ಪಿಸಿಯ ಮಾನಿಟರಿನಲ್ಲಿ ಮಾತ್ರ ಅದು ನಿರ್ದೋಷ. ಗಾತ್ರದ ವಿಷಯವೂ ಹೀಗೆಯೇ: ಇಂಚಿಗೆ 100 ಬಿಂದುಗಳಿರುವ ಮಾನಿಟರಿನಲ್ಲಿ 12 ಇಂಚು ಅಗಲಕ್ಕೆ ಹರಡುವ ಚಿತ್ರ ಎಕ್ಸ್‌ಒದಲ್ಲಿ 6 ಇಂಚಿಗೆ ಕುಗ್ಗುತ್ತದೆ. ಅಕ್ಷರದ ಗಾತ್ರವನ್ನು ಬಿಂದುಗಳ ಲೆಕ್ಕದಲ್ಲಿ ಗೊತ್ತುಪಡಿಸಿದ ಇಂಗ್ಲಿಷ್ ಪಠ್ಯ ಆ ಕುಗ್ಗುವಿಕೆಯನ್ನು ಹೇಗೋ ತಾಳಿಕೊಂಡರೂ, ‘ರಾಷ್ಟ್ರ’, ‘ಸ್ತ್ರೀ’ಯಂತಹ ಪದಗಳಲ್ಲಿ ಒತ್ತಿನ ಜೊತೆಗೆ ಇನ್ನೊಂದು ಒತ್ತು ಬರುವ ಕನ್ನಡ ಲಿಪಿ, ಅದೂ ಓದು ಕಲಿಯುತ್ತಿರುವ ಮಗುವಿನ ಕಣ್ಣಿಗೆ, ಅಷ್ಟು ಸುಲಭವಾಗಿ ದಕ್ಕಲಾರದು.

ಹಾಗೆಂದು ಎಮ್ಯುಲೇಟರ್ ನಿರುಪಯುಕ್ತವೆಂಬ ತೀರ್ಮಾನ ಅವಸರದ್ದಾಗುತ್ತದೆ. ಲೆಕ್ಕದ ಆಟದಲ್ಲಿ ಉತ್ತರ ಸರಿಯಾಗಿ ಎಣಿಕೆಯಾಗುತ್ತಿದೆಯೇ, ಅರ್ಧಕ್ಕೆ ಬಿಟ್ಟ ಕೆಲಸ ಉಳಿದಿರುತ್ತದೆಯೇ, ಅನುವಾದದ ಯಾವ ಸಾಲು ಗುಂಡಿಯ ಅಂಚನ್ನು ಮೀರುತ್ತದೆ ಎಂಬಂತಹ ತರ್ಕ, ವಿನ್ಯಾಸಗಳ ಬಹುಪಾಲು ಪರೀಕ್ಷೆಗೆ ಅದು ಧಾರಾಳವಾಗಿ ಸಾಕು. ಯಂತ್ರವೇ ಬದಲಾಗುವಾಗಲೂ ಅದು ಮುನ್ಸೂಚನೆ ಕೊಡಬಲ್ಲದು. ಎಕ್ಸ್‌ಒ-1.75 ಮಾದರಿಯಲ್ಲಿ ಪಿಸಿ ಕುಲದ ಪ್ರೊಸೆಸರಿನ ಬದಲು ಎಆರ್‌ಎಂ ಕುಲದ್ದು ಬಂದಾಗ, ಪೂರ್ತಿಯಾಗಿ ಪೈಥಾನ್ ಭಾಷೆಯಲ್ಲಿದ್ದ ಆಕ್ಟಿವಿಟಿಗಳಿಗೆ ಅಷ್ಟಾಗಿ ಬಾಧಕವಿರಲಿಲ್ಲ, ಹಳೆಯ ಪ್ರೊಸೆಸರಿಗೆಂದೇ ಸಂಕಲಿಸಿದ ಭಾಗಗಳನ್ನು ಒಳಗೊಂಡವು ಮಾತ್ರ ನಿಂತುಹೋಗುವಂತಾದವು. ಎಆರ್‌ಎಂ ಅನ್ನು ಅನುಕರಿಸುವ ಎಮ್ಯುಲೇಟರಿನಲ್ಲಿ ಇಂತಹ ದೋಷ ಮೊದಲ ಓಟದಲ್ಲೇ ಸಿಕ್ಕಿಬೀಳುತ್ತದೆ.

ಭಾರತದ ಮಾನವ ಸಂಪನ್ಮೂಲ ಸಚಿವಾಲಯ 2006ರಲ್ಲಿ ಎಕ್ಸ್‌ಒ ಯೋಜನೆಯನ್ನು ನಿರಾಕರಿಸಿ, 2011ರ ಅಕ್ಟೋಬರಿನಲ್ಲಿ ತನ್ನದೇ ‘ಆಕಾಶ್’ ಟ್ಯಾಬ್ಲೆಟನ್ನು ಬಿಡುಗಡೆ ಮಾಡಿತು. 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ಮೆಮೊರಿಯ ಆ ಯಂತ್ರ ಆ್ಯಂಡ್ರಾಯ್ಡ್ ಆಧಾರಿತವಾಗಿದ್ದುದರಿಂದ ತಂತ್ರಾಂಶ ಬರೆಯುವವರಿಗೆ ಗೂಗಲ್ ಕೊಡುವ ಎಮ್ಯುಲೇಟರ್ ಲಭ್ಯವಿತ್ತು, ಅದರ ತಳದಲ್ಲಿದ್ದದ್ದೂ ಇದೇ ಕ್ಯುಎಮು. ಆದರೆ ಮೊದಲ ಆಕಾಶ್‌ನ ಪರದೆ ಬೆರಳು ಸೋಕಿದರೆ ಸಾಲದ, ಒತ್ತಿದರೆ ಮಾತ್ರ ಸ್ಪಂದಿಸುವ ಜಾತಿಯದು. ಮೌಸ್ ಕ್ಲಿಕ್ಕನ್ನೇ ಸ್ಪರ್ಶವೆಂದು ಎಣಿಸುವ ಎಮ್ಯುಲೇಟರಿಗೆ ಆ ವ್ಯತ್ಯಾಸ ತಿಳಿಯುವ ಬಗೆಯೇ ಇಲ್ಲ.

ಶಾಲೆಗಳಿಗಾಗಿ ಯಂತ್ರ ಕೊಳ್ಳುವ ಸರ್ಕಾರಗಳು ಟೆಂಡರಿನಲ್ಲಿ ಪ್ರೊಸೆಸರ್, ಬ್ಯಾಟರಿ, ವಾರಂಟಿಗಳನ್ನು ವಿವರವಾಗಿ ನಮೂದಿಸುವಂತೆಯೇ ಎರಡು ಷರತ್ತುಗಳನ್ನು ಸೇರಿಸಬೇಕಾಗಿದೆ. ಯಂತ್ರದ ಡಿಸ್ಕ್ ಇಮೇಜನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಪ್ರಕಟಿಸಬೇಕೆಂಬುದು ಒಂದಾದರೆ, ಹಂಚಿಕೆಗೆ ಮುಂಚೆಯೇ ಕೆಲವು ನೂರು ಯಂತ್ರಗಳನ್ನು ತಂತ್ರಾಂಶ ಬರೆಯುವವರಿಗೂ ಪಾಠ ಸಿದ್ಧಪಡಿಸುವ ಶಿಕ್ಷಕರಿಗೂ ಕೊಡಬೇಕೆಂಬುದು ಇನ್ನೊಂದು. ಎಕ್ಸ್‌ಒ ಯೋಜನೆ ತನ್ನ ಪರೀಕ್ಷಾ ಮಾದರಿಗಳನ್ನು ಸ್ವಯಂಸೇವಕ ತಂತ್ರಜ್ಞರಿಗೆ ಉಚಿತವಾಗಿ ಕಳುಹಿಸಿಕೊಡುತ್ತಿದ್ದುದು ಈ ಕಾರಣಕ್ಕೇ. ಲಕ್ಷಗಟ್ಟಲೆ ಯಂತ್ರಗಳ ಖರೀದಿಯಲ್ಲಿ ಆ ಕೆಲವು ನೂರರ ವೆಚ್ಚ ಲೆಕ್ಕಕ್ಕೆ ಬರುವಷ್ಟಿಲ್ಲ, ಶಾಲೆಯ ಅಂಗಳದ ಬಿಸಿಲಿನಲ್ಲಿ ಪಾಠವನ್ನು ಒಮ್ಮೆ ತೆರೆದು ನೋಡಲು ಬೇಕಾಗುವುದು ಅವುಗಳಲ್ಲಿ ಒಂದೇ.