ಚಪ್ಪಡಿ ಕೀಳುವ ಮುನ್ನ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ. ಈ ನಾಲ್ಕು ಊರುಗಳ ಬೀದಿಗಳಲ್ಲಿ ಜನ ತಮ್ಮ ಪಾಡಿಗೆ ತಾವು ಮಾಡಿಕೊಂಡಿರುವ ಏರ್ಪಾಡುಗಳನ್ನು ಕಂಡರೆ ಕೆಲವರಿಗೆ ಮೈ ಉರಿಯುತ್ತದೆ. ಚರಂಡಿ ದಾಟಲು ಅಂಗಡಿಯವರು ಹಾಸಿದ ಚಪ್ಪಡಿ, ರಸ್ತೆ ಗುಂಡಿಯೊಳಗೆ ನೆಟ್ಟ ಹೊಂಗೆ ಕೊಂಬೆ, ಫ್ಲೆಕ್ಸ್ ಮಗುಚಿ ಹೊದಿಸಿದ ಟೀ ಅಂಗಡಿ, ಮೊಪೆಡ್ಡಿಗೆ ಕಬ್ಬಿಣದ ಚೌಕಟ್ಟು ಬೆಸೆದು ಮಾಡಿದ ತರಕಾರಿ ಗಾಡಿ, ಎತ್ತಿನ ಗಾಡಿಯ ಹಿಂಬದಿಗೆ ಕಟ್ಟಿದ ಹಳೇ ಸಿ.ಡಿ. ಎಲ್ಲವೂ ಅವರ ಕಣ್ಣಿಗೆ ದರಿದ್ರದ ಗುರುತು. ಒಂದು ದಿನ ಜೆಸಿಬಿ ತರಿಸಿ ಎಲ್ಲವನ್ನೂ ಕಿತ್ತು ಹಾಕಿದರೆ ಊರು ಚೊಕ್ಕವಾಗುತ್ತದೆ ಅನ್ನುವುದು ಅವರ ನಂಬಿಕೆ. ಅವರ ಮಾತಿನಲ್ಲಿ ಒಂದೆರಡು ನಿಜ, ಉಳಿದದ್ದು ಅಲ್ಲ. ಯಾವುದು ಯಾವುದು ಎಂದು ಬಿಡಿಸಿ ಹೇಳುವುದು ಒಳ್ಳೆಯದು.

ಅವರ ಮೊದಲ ದೂರು ಅಂದಚಂದದ್ದು. ಶ್ರೀರಂಗಪಟ್ಟಣ ಪಾರಂಪರಿಕ ಊರು, ಕೋಟೆ ಬಾಗಿಲಲ್ಲೇ ಟಾರ್ಪಾಲು ನೇತಾಡಿದರೆ ಬಂದವರು ಏನಂದುಕೊಳ್ಳಬೇಕು ಎಂದು ಕೇಳುತ್ತಾರೆ. ಸ್ಮಾರಕದ ಆವರಣದೊಳಗೆ ಅಂಗಡಿ ಬೇಡ, ಒಪ್ಪಿದೆ. ಆದರೆ ಆವರಣದ ಹೊರಗಿನ ಕಥೆ ಬೇರೆ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಇಲ್ಲದೆ ಕಟ್ಟುವಂತಿಲ್ಲ. ಹೆಜ್ಜೆಗೊಂದು ಸ್ಮಾರಕ ಇರುವ ದ್ವೀಪದಲ್ಲಿ ಈ ಗೆರೆ ಎಳೆದರೆ ಉಳಿಯುವ ಜಾಗ ಎಷ್ಟು? ದೇವಸ್ಥಾನಕ್ಕೆ ಬಂದವರಿಗೆ ಹೂವು ಬೇಕು, ಎಳನೀರು ಬೇಕು, ಬಿಸಿಲಲ್ಲಿ ಕೂರಲು ನೆರಳು ಬೇಕು. ಪಾಯ ತೋಡುವಂತಿಲ್ಲ ಅಂದಮೇಲೆ ಬೆಳಿಗ್ಗೆ ಬಿಚ್ಚಿ ಸಂಜೆ ಮಡಚಿಡುವ ಕೊಡೆ ಅಂಗಡಿಗಿಂತ ಆ ಜಾಗಕ್ಕೆ ಒಪ್ಪುವ ಕಟ್ಟೋಣ ಇನ್ನೊಂದಿಲ್ಲ. ಅಂದಹಾಗೆ, ರೈಲ್ವೆ ಜೋಡಿ ಹಳಿಗೆ ಅಡ್ಡ ಬಂತೆಂದು 2017ರಲ್ಲಿ ಟಿಪ್ಪುವಿನ ಮದ್ದಿನ ಮನೆಯನ್ನೇ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದ ಊರು ಇದು. ಮನಸ್ಸು ಮಾಡಿದರೆ ಹೂವಿನವಳಿಗೆ ನಾಲ್ಕಡಿ ಜಾಗ ತೋರಿಸುವುದು ಕಷ್ಟದ ಕೆಲಸವಲ್ಲ.

ಫ್ಲೆಕ್ಸ್ ಬಗ್ಗೆ ಒಂದು ಮಾತು. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಫ್ಲೆಕ್ಸ್ ನಿಷೇಧಿಸಿದೆ. ಆದರೂ ಹುಟ್ಟುಹಬ್ಬಕ್ಕೆ, ಚುನಾವಣೆಗೆ ಸರ್ಕಲ್ಲುಗಳಲ್ಲಿ ಅವು ರಾರಾಜಿಸುತ್ತಲೇ ಇವೆ. ಮುಖಂಡರ ಮುಖ ಹೊತ್ತು ಸರ್ಕಲ್ಲಿನಲ್ಲಿ ನಿಂತಾಗ ಯಾರಿಗೂ ಅಸಹ್ಯ ಕಾಣದ ಫ್ಲೆಕ್ಸ್, ಬಿಳಿ ಬದಿ ಮೇಲಾಗಿ ಟೀ ಅಂಗಡಿಯ ಸೂರಾದ ಕೂಡಲೇ ಅಸಹ್ಯವಾಗುವುದು ಹೇಗೆ? ಮುದ್ರಿಸಿದವರನ್ನು ಬಿಟ್ಟು ಮಳೆಗೆ ಹೊದ್ದುಕೊಂಡವರನ್ನು ಹಿಡಿಯುವುದು ನ್ಯಾಯವಲ್ಲ.

ಎರಡನೆಯ ದೂರು ಕಾನೂನಿನದು. ಇವೆಲ್ಲ ಒತ್ತುವರಿ, ಅಕ್ರಮ ಅನ್ನುತ್ತಾರೆ. ಕಾನೂನು ಹೇಳುವವರು ಪೂರ್ತಿ ಹೇಳಬೇಕು. ಬೀದಿಬದಿ ವ್ಯಾಪಾರಿಗಳ ಕಾಯ್ದೆ ಬಂದದ್ದು 2014ರಲ್ಲಿ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾವ ವ್ಯಾಪಾರಿಯನ್ನೂ ಎಬ್ಬಿಸಬಾರದು ಎಂದು ಅದರಲ್ಲೇ ಬರೆದಿದೆ. ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದಷ್ಟು ಜನ ವ್ಯಾಪಾರಿಗಳೇ ಇರಬೇಕು ಎಂದೂ ಇದೆ. ಬೆಸೆದ ಮೊಪೆಡ್ಡಿನ ವಿಷಯದಲ್ಲಿ ಮಾತ್ರ ಅವರ ಮಾತು ಸರಿ. ಕಂಪನಿ ಕೊಟ್ಟ ವಾಹನದ ರೂಪ ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಆದರೆ ಅಂಗವಿಕಲರು ಸ್ಕೂಟರಿಗೆ ಎರಡು ಪಕ್ಕದ ಚಕ್ರ ಹಾಕಿಸಿಕೊಂಡು ಓಡಿಸಲು ಅದೇ ಕಾಯ್ದೆ ದಾರಿ ಬಿಟ್ಟಿದೆ. ಮಾರ್ಪಾಡು ಎಂಬುದೇ ಪಾಪ ಎಂದು ಕಾನೂನೂ ಹೇಳುತ್ತಿಲ್ಲ, ತೋರಿಸಿ ಒಪ್ಪಿಗೆ ಪಡೆಯಿರಿ ಅನ್ನುತ್ತದೆ ಅಷ್ಟೆ. ತೋರಿಸಲು ಹೋದ ತರಕಾರಿಯವನಿಗೆ ಯಾವ ಕಿಟಕಿಯಲ್ಲಿ ನಿಲ್ಲಬೇಕು ಎಂದು ಹೇಳುವವರು ಬೇಕಲ್ಲ.

ಮೂರನೆಯದು ಓದಿದವರ ದೂರು. ಇದೆಲ್ಲ ವಿನ್ಯಾಸವೇ ಅಲ್ಲ, ತಿಳಿಯದವರು ತೋಚಿದಂತೆ ಮಾಡಿದ್ದು, ವಿನ್ಯಾಸಕ್ಕೆ ಎಂಜಿನಿಯರ್ ಬೇಕು ಅನ್ನುತ್ತಾರೆ. ಈ ಮಾತು ಕೇಳಿದಾಗ ನನಗೆ ನಗು ಬರುತ್ತದೆ, ಯಾಕೆಂದರೆ ಹೇಳುತ್ತಿರುವುದು ಕನ್ನಂಬಾಡಿ ಕಟ್ಟೆಯ ಕೆಳಗೆ ನಿಂತು. 1911ರಲ್ಲಿ ಶುರುವಾದ ಆ ಅಣೆಕಟ್ಟೆಗೆ ಬಳಸಿದ್ದು ಸುಣ್ಣ, ಸುಟ್ಟ ಇಟ್ಟಿಗೆಯ ಪುಡಿ ಕಲಸಿದ ಸುರ್ಕಿ ಗಾರೆ. ಸಿಮೆಂಟು ಹೊರದೇಶದಿಂದ ಬರಬೇಕಿತ್ತು, ಅದಕ್ಕೆ ದುಡ್ಡು ಸುರಿಯಬೇಕಿತ್ತು. ಕೈಗೆ ಸಿಗುವುದರಲ್ಲಿ ಕೆಲಸ ಸಾಧಿಸಿದರು. ಸುರ್ಕಿ ವಿಶ್ವೇಶ್ವರಯ್ಯನವರ ಕಾಲಕ್ಕೆ ಹುಟ್ಟಿದ್ದಲ್ಲ, ಗಾರೆ ಕೆಲಸದವರಿಗೆ ಮೊದಲಿಂದ ಗೊತ್ತಿದ್ದದ್ದು. ಎಂಜಿನಿಯರುಗಳು ಅದನ್ನು ನಾಡಗಾರೆ ಎಂದು ತಳ್ಳಿಹಾಕದೆ ಇಷ್ಟು ದೊಡ್ಡ ಕೆಲಸಕ್ಕೆ ಹದಗೊಳಿಸಿದರು. ನಮ್ಮ ಬೀದಿಗೂ ಅಂಥ ಎಂಜಿನಿಯರ್ ಬೇಕು ಎಂದರೆ ನನ್ನದೇನೂ ತಕರಾರಿಲ್ಲ.

ಚಪ್ಪಡಿಯನ್ನೇ ತೆಗೆದುಕೊಳ್ಳಿ. ಎರಡು ಕಡೆ ಆನಿಕೆ, ನಡುವೆ ಕಲ್ಲಿನ ತೊಲೆ. ಪೂರ್ಣಯ್ಯನವರ ಉಸ್ತುವಾರಿಯಲ್ಲಿ 1804ರಲ್ಲಿ ಮುಗಿದ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯ ಲೆಕ್ಕವೂ ಅದೇ: ಕಲ್ಲಿನ ಕಂಬ, ಅದರ ಮೇಲೆ ಕಲ್ಲಿನ ಚಾಚು, ಮೇಲೆ ಕಲ್ಲಿನ ತೊಲೆ. ಅಲ್ಲಿ ಕಾವೇರಿ, ಇಲ್ಲಿ ಚರಂಡಿ. ಹಾಸಿದ ಮೇಲೆ ಹೂಳು ತೆಗೆಯಲು ಆಗುವುದಿಲ್ಲ, ಮಳೆ ಬಂದರೆ ಬೀದಿಯೆಲ್ಲ ಕೊಚ್ಚೆ ಎಂಬ ಆಕ್ಷೇಪ ಸುಳ್ಳಲ್ಲ. ಒಂದೇ ದೊಡ್ಡ ಕಲ್ಲನ್ನು ಗಾರೆ ಹಾಕಿ ಕೂರಿಸಿದವರು ಪೌರಕಾರ್ಮಿಕರಿಗೆ ಮೋಸ ಮಾಡಿದ ಹಾಗೆಯೇ. ಆದರೆ ತಿಳಿದವರು ಹಾಸಿದ ಕಲ್ಲನ್ನು ಹತ್ತಿರ ಹೋಗಿ ನೋಡಿ. ಒಂದರ ಬದಲು ಎರಡು ಕಿರಿದಾದ ಚಪ್ಪಡಿ ಇರುತ್ತವೆ, ನಡುವೆ ಹಾರೆಯ ಮೂತಿ ಹೋಗುವಷ್ಟು ಸಂದು. ಇಬ್ಬರು ಸೇರಿ ಮೀಟಿದರೆ ಏಳುತ್ತದೆ, ಸೈಕಲ್ ಚಕ್ರ ಸಿಕ್ಕಿಕೊಳ್ಳದಂತೆ ಸಂದು ರಸ್ತೆಗೆ ಅಡ್ಡಲಾಗಿರುತ್ತದೆ. ಪಕ್ಕದಲ್ಲೇ ಗುತ್ತಿಗೆದಾರ ಹಾಕಿಸಿದ ಸಿಮೆಂಟ್ ಮುಚ್ಚಳ ನೋಡಿ. ಎತ್ತಲು ಕೊಂಡಿ ಇಲ್ಲ, ಮೂಲೆ ಮುರಿದಿದೆ, ಒಳಗಿನ ಕಬ್ಬಿಣದ ಸರಳು ಹೊರಚಾಚಿ ಸೀರೆ ಸೆರಗಿಗೆ ಕಾಯುತ್ತಿದೆ. ಎರಡರಲ್ಲಿ ಯಾವುದಕ್ಕೆ ವಿನ್ಯಾಸ ಎಂಬ ಹೆಸರು ಸಲ್ಲಬೇಕು?

ಬೇಸಿಗೆಯಲ್ಲಿ ಕೆ.ಆರ್.ಪೇಟೆಯ ಬಸ್ ನಿಲ್ದಾಣದ ಕಡೆ ಹೋದರೆ ಕಬ್ಬಿನ ಹಾಲಿನ ಗಾಡಿಯನ್ನೂ ಹೀಗೆಯೇ ನಿಂತು ನೋಡಬಹುದು. ಸಣ್ಣ ಎಂಜಿನ್ನು, ಬೆಲ್ಟು, ಉರುಳೆಗಳು, ಚಕ್ರಕ್ಕೆ ಕಟ್ಟಿದ ಗೆಜ್ಜೆ. ಗೆಜ್ಜೆ ಸದ್ದು ಗಿರಾಕಿಯನ್ನು ಕರೆಯುತ್ತದೆ. ಅದು ಕುಗ್ಗಿತೆಂದರೆ ಬೆಲ್ಟ್ ಜಾರುತ್ತಿದೆ ಎಂದು ಗಾಡಿಯವನಿಗೆ ತಿರುಗಿ ನೋಡದೆಯೇ ತಿಳಿಯುತ್ತದೆ. ಅರೆದ ಕಬ್ಬನ್ನು ಮಡಚಿ, ನಡುವೆ ಶುಂಠಿ, ನಿಂಬೆ ಇಟ್ಟು ಮತ್ತೆ ಕೊಡುತ್ತಾನೆ. ಉಳಿದ ಸಿಪ್ಪೆ ಯಾರದೋ ಹಸುವಿಗೆ. ಎಲ್ಲಿಯೂ ಕಲಿಸದ ಈ ಜಾಣತನ ಈ ಸೀಮೆಗೆ ಹೊಸದೂ ಅಲ್ಲ. ನಾಗಮಂಗಲದ ಹಿತ್ತಾಳೆ, ಕಂಚಿನ ಕೆಲಸದವರು ಎರಕದ ಹದ ಕಲಿತದ್ದು ಕಾಲೇಜಿನಲ್ಲಲ್ಲ.

ಅವರ ನಾಲ್ಕನೆಯ ಮಾತು ಅಪಾಯದ್ದು. ಇದನ್ನು ತಮಾಷೆ ಮಾಡಿ ತಳ್ಳುವಂತಿಲ್ಲ. ಜೀವದ ಪ್ರಶ್ನೆ. ಬೀದಿಯಲ್ಲಿ ಜನ ಮಾಡಿದ್ದೆಲ್ಲ ಸರಿ ಎಂದು ನಾನು ಹೇಳುವುದೇ ಇಲ್ಲ. ಹುರುಳಿ ಒಕ್ಕಣೆಯನ್ನು ನೋಡಿ. ನಾಗಮಂಗಲ, ಕೆ.ಆರ್.ಪೇಟೆ ಕಡೆ ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ಡಾಂಬರು ರಸ್ತೆಗೆ ಹರಡಿ, ಹೋಗಿ ಬರುವ ವಾಹನಗಳಿಂದ ತುಳಿಸುತ್ತಾರೆ. ರೈತನ ಲೆಕ್ಕ ಅರ್ಥವಾಗುತ್ತದೆ. ಹಿಂದೆ ಹೊಲದಲ್ಲೇ ಕಣ ಮಾಡಿ, ಸಗಣಿ ಬಳಿದು, ಮೇಟಿ ನೆಟ್ಟು, ಎತ್ತು ಕಟ್ಟಿ ರೋಣಗಲ್ಲು ಎಳೆಸುತ್ತಿದ್ದರು. ಈಗ ಮನೆಯಲ್ಲಿ ಎತ್ತಿಲ್ಲ, ಕಣ ಮಾಡುವ ಕೈಯಿಲ್ಲ, ಯಂತ್ರದ ಬಾಡಿಗೆ ಕೈಗೆಟುಕುವುದಿಲ್ಲ. ರಸ್ತೆ ಗಟ್ಟಿಯಾಗಿದೆ, ಸಪಾಟಾಗಿದೆ, ಬಿಸಿಲಿದೆ, ತುಳಿಯುವವರು ಬಿಟ್ಟಿ ಸಿಗುತ್ತಾರೆ. ಬುದ್ಧಿವಂತಿಕೆಯೇ ಸೈ. ಆದರೆ ಹುರುಳಿ ಸೊಪ್ಪು ಕಾರಿನ ತಳಕ್ಕೆ ಸುತ್ತಿಕೊಂಡು ಬಿಸಿಯೇರಿ ಬೆಂಕಿ ಹತ್ತಿದ ಪ್ರಸಂಗಗಳು ರಾಜ್ಯದಲ್ಲಿ ಆಗಿವೆ. ಕತ್ತಲಲ್ಲಿ ರಾಗಿ ಹುಲ್ಲಿನ ಮೇಲೆ ಬ್ರೇಕು ಹಾಕಿದ ಬೈಕಿನವನು ಬಿದ್ದೇ ಬೀಳುತ್ತಾನೆ. ಲಾಭ ಒಬ್ಬರದು, ಪೆಟ್ಟು ದಾರಿಹೋಕರದು. ಇದನ್ನು ನಾನು ಸಮರ್ಥಿಸುವುದಿಲ್ಲ. ಊರವರೇ ಮಣ್ಣು, ಕಲ್ಲು ಸುರಿದು ಮಾಡುವ ಹಂಪ್ಸನ್ನೂ ಸಮರ್ಥಿಸುವುದಿಲ್ಲ. ಸರಿಯಾದ ಹಂಪ್ಸಿಗೆ ಅಳತೆ ಇದೆ: ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಮೇಲೆ ಬಿಳಿ ಪಟ್ಟೆ. ನಮ್ಮ ಹಳ್ಳಿಗಳ ಹಂಪ್ಸುಗಳಿಗೆ ಎತ್ತರ ಇರುತ್ತದೆ, ಅಗಲ ಇರುವುದಿಲ್ಲ.

ಹಾಗಾದರೆ ಗೆರೆ ಎಲ್ಲಿ ಎಳೆಯುವುದು? ಅಪಾಯ ಯಾರ ತಲೆಗೆ ಬರುತ್ತದೆ ಎಂದು ಕೇಳಿ, ಉತ್ತರ ಸಿಗುತ್ತದೆ. ಗುಂಡಿಯಲ್ಲಿ ಕೊಂಬೆ ನೆಟ್ಟವನಿಗೆ ಅದರಿಂದ ಮೂರು ಕಾಸಿನ ಲಾಭವಿಲ್ಲ. ಆಗಲೇ ಒಮ್ಮೆ ಬಿದ್ದೆದ್ದವನೋ, ಬಿದ್ದವರನ್ನು ಎತ್ತಿ ಕೂರಿಸಿದ ಪಕ್ಕದ ಪಂಚರ್ ಅಂಗಡಿಯವನೋ ಮುಂದಿನವರು ಬೀಳದಿರಲಿ ಎಂದು ನೆಟ್ಟದ್ದು. ಕೊಂಬೆ ಒಣಗಿದರೆ ಕತ್ತಲಲ್ಲಿ ಕಾಣದು ಎಂದು ಹಳೇ ಟೈರು ಇಟ್ಟು ಅದರೊಳಗೆ ನಿಲ್ಲಿಸುತ್ತಾರೆ, ತುದಿಗೆ ಕೆಂಪು ಬಟ್ಟೆ ಕಟ್ಟುತ್ತಾರೆ. ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರದ ಕಾರ್ಖಾನೆ ಕಡೆಗೆ ರಾತ್ರಿಯೂ ಸಾಗುವ ಟೈರ್ ಗಾಡಿಗೆ ಹಿಂದೀಪ ಎಲ್ಲಿಂದ ಬರಬೇಕು? ಹಿಂಬದಿಗೆ ಕಟ್ಟಿದ ಸಿ.ಡಿ. ಕಾರಿನ ಬೆಳಕಿಗೆ ಫಳ್ ಎಂದರೆ ಎತ್ತೂ ಉಳಿಯಿತು, ಕಾರಿನವನೂ ಉಳಿದ. ಪೊಲೀಸರು ಅಂಟಿಸುವ ಪ್ರತಿಫಲಕ ಸ್ಟಿಕ್ಕರ್ ಇನ್ನೂ ಒಳ್ಳೆಯದು. ಅದು ಬರುವ ತನಕ ಸಿ.ಡಿ. ಇರಲಿ.

ಅಪಾಯದ ಮಾತಾಡುವವರಿಗೆ ಕನಗನಮರಡಿಯನ್ನು ನೆನಪಿಸಬೇಕು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಆ ಊರಿನ ಬಳಿ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತರು, ಅವರಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಬಸ್ಸಿನ ಸ್ಥಿತಿ, ಚಾಲನೆ ಬಗ್ಗೆಯೂ ದೂರುಗಳಿದ್ದವು ನಿಜ. ಆದರೆ ರಸ್ತೆಗೂ ನಾಲೆಗೂ ನಡುವೆ ತಡೆಗೋಡೆ ಇರಲಿಲ್ಲ. 2023ರ ನವೆಂಬರ್‌ನಲ್ಲಿ ಅದೇ ತಾಲ್ಲೂಕಿನ ಬನಘಟ್ಟದ ಬಳಿ ಕಾರು ನಾಲೆಗೆ ಬಿದ್ದು ಐವರು ಹೋದರು. ಇವು ಜನ ಕೈಯಾರೆ ಮಾಡಿದ ರಸ್ತೆಗಳಲ್ಲ, ಸರ್ಕಾರದ ದುಡ್ಡಿನಲ್ಲಿ ಎಂಜಿನಿಯರ್ ಸಹಿ ಬಿದ್ದು ಆದ ರಸ್ತೆಗಳು. ನಾಲೆ ಏರಿಯ ತಿರುವಿನಲ್ಲಿ ಊರವರು ಸುಣ್ಣ ಬಳಿದ ಕಲ್ಲು ಸಾಲಾಗಿಟ್ಟರೆ ಅದನ್ನು ಒತ್ತುವರಿ ಅನ್ನುವವರು ಮೊದಲು ಆ ತಿರುವಿನಲ್ಲಿ ಒಮ್ಮೆ ನಿಂತು ಕೆಳಗೆ ನೋಡಲಿ.

ಎಕ್ಸ್‌ಪ್ರೆಸ್‌ವೇ ಬೇಲಿಯದೂ ಇದೇ ಕಥೆ. ಬೆಂಗಳೂರು-ಮೈಸೂರು ದಶಪಥ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯರಸ್ತೆ ಬಂದ್. ಆಚೆ ಬದಿಯ ಹೊಲಕ್ಕೆ ಹೋಗಬೇಕಾದವರು ಅಲ್ಲಲ್ಲಿ ಬೇಲಿ ಕತ್ತರಿಸಿ ದಾಟಿದರು, ಕೆಲವರು ಸತ್ತರು. ಬೇಲಿ ಕತ್ತರಿಸಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕತ್ತರಿಸಿದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಪಾದಚಾರಿ ಮೇಲ್ಸೇತುವೆ ಎಲ್ಲೆಲ್ಲಿ ಬೇಕು ಎಂಬುದಕ್ಕೆ ಬೇರೆ ಸಮೀಕ್ಷೆಯೇ ಬೇಡ.

ಕೊನೆಯ ದೂರು ನನ್ನ ಗೆಳೆಯರದೇ, ಹಾಗಾಗಿ ಗಟ್ಟಿಯಾದದ್ದು. ಜನ ತಾವೇ ತೇಪೆ ಹಾಕುತ್ತಾ ಹೋದರೆ ಪುರಸಭೆ ಕೈಕಟ್ಟಿ ಕೂರುತ್ತದೆ, ಕೊಂಬೆ ನೆಟ್ಟ ಗುಂಡಿ ಮುಚ್ಚುವುದೇ ಇಲ್ಲ ಎಂಬುದು. ಅರ್ಧ ಒಪ್ಪುತ್ತೇನೆ. ಇಂಥವನ್ನು ಜುಗಾಡ್ ಎಂದು ಕರೆದು, ಪುಸ್ತಕ ಬರೆದು, ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಭಾಷಣ ಮಾಡಿ, ಬಡವರ ಪ್ರತಿಭೆ ಎಂದು ಚಪ್ಪಾಳೆ ತಟ್ಟುವವರ ಜೊತೆ ನಾನಿಲ್ಲ. ಚರಂಡಿ ಮೇಲಿನ ಕಲ್ಲು ಪ್ರತಿಭಾ ಪ್ರದರ್ಶನವಲ್ಲ, ಮನೆಗೆ ಹೋಗುವ ದಾರಿ. ಆದರೆ ಜನ ಸುಮ್ಮನಿದ್ದರೆ ಕಚೇರಿ ಎಚ್ಚರಗೊಳ್ಳುತ್ತದೆ ಎಂಬ ಇನ್ನರ್ಧ ಸುಳ್ಳು. ಕೊಂಬೆಯಿಲ್ಲದ ಗುಂಡಿಗಳೂ ಬೇಕಾದಷ್ಟಿವೆ. ಅವೇನು ಬೇಗ ಮುಚ್ಚಿಹೋದವೇ?

ಕೇಳುವುದು ಹೆಚ್ಚೇನಿಲ್ಲ. ಕಣ ಇಲ್ಲದೆ ರಸ್ತೆಗೆ ಬಂದ ಹುರುಳಿಗೆ ಉದ್ಯೋಗ ಖಾತ್ರಿಯಲ್ಲಿ ಒಕ್ಕಣೆ ಕಣ ಕಟ್ಟಿಕೊಡಲು ಅವಕಾಶವಿದ್ದಾಗಲೂ ಎಷ್ಟು ಪಂಚಾಯಿತಿ ಕಟ್ಟಿದವು ಎಂದು ಗ್ರಾಮಸಭೆಯಲ್ಲಿ ಕೇಳಿ. ಜೆಸಿಬಿ ತರಿಸುವ ಮುನ್ನ ಪುರಸಭೆಯ ಎಂಜಿನಿಯರ್ ಒಂದು ಬೀದಿ ನಡೆದು, ಜನ ಎಲ್ಲೆಲ್ಲಿ ಏನೇನು ಇಟ್ಟಿದ್ದಾರೆ ಎಂದು ಪಟ್ಟಿ ಮಾಡಲಿ. ಪಟ್ಟಿಯಲ್ಲಿರುವ ಜಾಗಕ್ಕೆ ಸರಿಯಾದದ್ದನ್ನು ಕೂರಿಸಿದ ದಿನವೇ ಹಳೆಯದನ್ನು ಕೀಳಲಿ, ಯಾರೂ ಅಡ್ಡ ಬರುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 198ಎ ಎಂಬ ಕಲಂ ಸೇರಿದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಗುಣಮಟ್ಟ ಪಾಲಿಸದೆ ಸಾವೋ ಅಂಗವೈಕಲ್ಯವೋ ಆದರೆ, ಹೊಣೆ ಹೊತ್ತ ಪ್ರಾಧಿಕಾರಕ್ಕೂ ಗುತ್ತಿಗೆದಾರನಿಗೂ 1 ಲಕ್ಷ ರೂಪಾಯಿವರೆಗೆ ದಂಡ. ಕೊಂಬೆ ನೆಟ್ಟವನ ಮೇಲೆ ದೂರು ಬರೆಯಲು ಕೂತವರು ದಯವಿಟ್ಟು ಆ ಕಲಂ ಅನ್ನೂ ಒಮ್ಮೆ ಓದಿಕೊಳ್ಳಿ.