ಉತ್ಸವಮೂರ್ತಿಯ ಕೈಯಲ್ಲೊಂದು ಖಡ್ಗ: ಗವರ್ನರ್ ಜನರಲ್ ಅಧಿಕಾರಕ್ಕೆ ಮಿತಿ ಎಲ್ಲಿ?

ಕಾಮನ್‌ವೆಲ್ತ್ ಒಕ್ಕೂಟದ 56 ಸದಸ್ಯ ರಾಷ್ಟ್ರಗಳ ಪೈಕಿ ಬಹುಪಾಲು ದೇಶಗಳು ಗಣರಾಜ್ಯಗಳಾಗಿವೆ. ಆದರೆ ಬ್ರಿಟನ್ನಿನ ಹೊರಗಿನ 14 ದೇಶಗಳು ಇಂದಿಗೂ ದೊರೆ ಮೂರನೇ ಚಾರ್ಲ್ಸ್ ಅವರನ್ನೇ ತಮ್ಮ ರಾಷ್ಟ್ರದ ಮುಖ್ಯಸ್ಥರೆಂದು ಮಾನ್ಯ ಮಾಡುತ್ತವೆ. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಂತಹ ದೊಡ್ಡ ದೇಶಗಳಿಂದ ಹಿಡಿದು ಟುವಾಲುವಿನಂತಹ ಪುಟ್ಟ ದ್ವೀಪರಾಷ್ಟ್ರದವರೆಗೆ ಈ ಪಟ್ಟಿ ಹರಡಿಕೊಂಡಿದೆ. ದೊರೆ ಲಂಡನ್ನಿನಲ್ಲಿದ್ದರೆ, ಆತನ ಪರವಾಗಿ ಪ್ರತಿಯೊಂದು ದೇಶದಲ್ಲಿಯೂ ಒಬ್ಬ ಗವರ್ನರ್ ಜನರಲ್ ಇರುತ್ತಾರೆ. 2021ರ ನವೆಂಬರ್ 30ರಂದು ಬಾರ್ಬಡೋಸ್ ಈ ಪಟ್ಟಿಯಿಂದ ಹೊರಬಂದು ಗಣರಾಜ್ಯವಾಯಿತು. ಅಲ್ಲಿನ ಕೊನೆಯ ಗವರ್ನರ್ ಜನರಲ್ ಸಾಂಡ್ರಾ ಮೇಸನ್ ಅವರೇ ಮೊದಲ ಅಧ್ಯಕ್ಷೆಯಾದರು. ಜಮೈಕಾ ಸರ್ಕಾರವೂ 2024ರ ಡಿಸೆಂಬರ್‌ನಲ್ಲಿ ಇದೇ ಉದ್ದೇಶದ ವಿಧೇಯಕವನ್ನು ಸಂಸತ್ತಿನಲ್ಲಿ ಮಂಡಿಸಿತು.

ಗವರ್ನರ್ ಜನರಲ್ ಎಂದರೆ ನಾಮಕಾವಾಸ್ತೆ ಹುದ್ದೆ ಎಂಬುದು ಸಾಮಾನ್ಯ ತಿಳಿವಳಿಕೆ. ಸಂಸತ್ತಿನ ಅಧಿವೇಶನವನ್ನು ಉದ್ಘಾಟಿಸುವುದು, ವಿಧೇಯಕಗಳಿಗೆ ಅಂಕಿತ ಹಾಕುವುದು, ಮಂತ್ರಿಗಳಿಗೆ ಪ್ರಮಾಣವಚನ ಬೋಧಿಸುವುದು, ಪದಕಗಳನ್ನು ಪ್ರದಾನ ಮಾಡುವುದು, ಇವೇ ಅವರ ನಿತ್ಯದ ಕೆಲಸಗಳು. ವರ್ಷದ 365 ದಿನವೂ ಆಳುವವರು ಪ್ರಧಾನಿ. ಮೆರವಣಿಗೆಗೆ ಮಾತ್ರ ಗವರ್ನರ್ ಜನರಲ್ ಎಂಬ ಉತ್ಸವಮೂರ್ತಿ. ಆದರೆ ಈ ಉತ್ಸವಮೂರ್ತಿಯ ಕೈಯಲ್ಲಿರುವ ಖಡ್ಗ ಬಣ್ಣ ಬಳಿದ ಮರದ ತುಂಡಲ್ಲ ಎಂಬುದನ್ನು ಕಳೆದ ನೂರು ವರ್ಷಗಳಲ್ಲಿ ಹಲವು ಪ್ರಧಾನಿಗಳು ತಮ್ಮ ಕುರ್ಚಿ ಕಳೆದುಕೊಂಡು ಅರಿತಿದ್ದಾರೆ. ಹಾಗಾದರೆ ಚುನಾಯಿತ ಸರ್ಕಾರವನ್ನು ಚುನಾಯಿತರಲ್ಲದ ವ್ಯಕ್ತಿಯೊಬ್ಬರು ವಜಾ ಮಾಡಬಹುದೇ? ಮಾಡಬಹುದಾದರೆ, ಆ ಅಧಿಕಾರಕ್ಕೆ ಮಿತಿ ಯಾವುದು?

ಬರಹ ಒಂದು, ವಾಡಿಕೆ ಇನ್ನೊಂದು

ಈ ಪ್ರಶ್ನೆಗೆ ಸಂವಿಧಾನದ ಪುಸ್ತಕ ತೆರೆದರೆ ಉತ್ತರ ಸಿಗುವುದಿಲ್ಲ. ಆಸ್ಟ್ರೇಲಿಯಾದ ಸಂವಿಧಾನವನ್ನೇ ನೋಡಿ. ಅದರ 61ನೇ ವಿಧಿಯ ಪ್ರಕಾರ ಕಾರ್ಯಾಂಗದ ಅಧಿಕಾರವನ್ನು ಚಲಾಯಿಸುವವರು ಗವರ್ನರ್ ಜನರಲ್. 64ನೇ ವಿಧಿಯ ಪ್ರಕಾರ ಮಂತ್ರಿಗಳು ಅವರ ಇಚ್ಛೆ ಇರುವವರೆಗೆ ಮಾತ್ರ ಅಧಿಕಾರದಲ್ಲಿರುತ್ತಾರೆ. 68ನೇ ವಿಧಿಯ ಪ್ರಕಾರ ಸೇನೆಯ ಮಹಾದಂಡನಾಯಕರೂ ಅವರೇ. ಇಡೀ ಸಂವಿಧಾನದಲ್ಲಿ 'ಪ್ರಧಾನಿ' ಎಂಬ ಪದವೇ ಇಲ್ಲ! ಅಕ್ಷರಶಃ ಓದಿದರೆ ಅಲ್ಲಿರುವುದು ಒಬ್ಬ ಸರ್ವಾಧಿಕಾರಿಯ ಚಿತ್ರ.

ಬರಹ ಕೊಟ್ಟದ್ದನ್ನೆಲ್ಲ ವಾಡಿಕೆ ಹಿಂದಕ್ಕೆ ಪಡೆದಿದೆ. ಮಂತ್ರಿಮಂಡಲದ ಸಲಹೆಯಂತೆಯೇ ನಡೆದುಕೊಳ್ಳಬೇಕು, ಕೆಳಮನೆಯ ವಿಶ್ವಾಸ ಪಡೆದವರೇ ಪ್ರಧಾನಿಯಾಗಬೇಕು ಎಂಬ ಅಲಿಖಿತ ನಿಯಮಗಳೇ ಆಡಳಿತವನ್ನು ನಡೆಸುತ್ತವೆ. ಹಾಗಿದ್ದೂ ಕೆಲವು ಅಧಿಕಾರಗಳು ಗವರ್ನರ್ ಜನರಲ್ ಅವರ ವಿವೇಚನೆಯಲ್ಲಿಯೇ ಉಳಿದುಕೊಂಡಿವೆ. ಪ್ರಧಾನಿಯನ್ನು ನೇಮಿಸುವುದು, ಅಪರೂಪದಲ್ಲಿ ವಜಾ ಮಾಡುವುದು, ಸದನ ವಿಸರ್ಜಿಸಬೇಕೆಂಬ ಪ್ರಧಾನಿಯ ಕೋರಿಕೆಯನ್ನು ನಿರಾಕರಿಸುವುದು - ಇವುಗಳನ್ನು ಸಂವಿಧಾನ ತಜ್ಞರು 'ಮೀಸಲು ಅಧಿಕಾರ'ಗಳೆಂದು ಕರೆಯುತ್ತಾರೆ. ಮನೆಗೆ ಬೆಂಕಿ ಬಿದ್ದಾಗ ಮಾತ್ರ ಗಾಜು ಒಡೆದು ಹೊರತೆಗೆಯಬೇಕಾದ ಕೊಡಲಿಯಂತೆ ಇವು. ಬೆಂಕಿ ಬಿದ್ದಿದೆಯೆಂದು ತೀರ್ಮಾನಿಸುವವರು ಯಾರು ಎಂಬುದೇ ತೊಡಕಿನ ಪ್ರಶ್ನೆ.

ಕೆನಡಾದ ಮೊದಲ ಪಾಠ

1926ರಲ್ಲಿ ಕೆನಡಾದ ಪ್ರಧಾನಿ ಮೆಕೆಂಜಿ ಕಿಂಗ್ ಅವರ ಅಲ್ಪಮತದ ಸರ್ಕಾರ ಸುಂಕ ಇಲಾಖೆಯ ಹಗರಣದಲ್ಲಿ ಸಿಲುಕಿತ್ತು. ಖಂಡನಾ ನಿರ್ಣಯದ ಚರ್ಚೆ ಮುಗಿಯುವ ಮುನ್ನವೇ ಸಂಸತ್ತನ್ನು ವಿಸರ್ಜಿಸುವಂತೆ ಕಿಂಗ್ ಕೋರಿದರು. ಗವರ್ನರ್ ಜನರಲ್ ಲಾರ್ಡ್ ಬಿಂಗ್ ಒಪ್ಪಲಿಲ್ಲ. ಕಿಂಗ್ ರಾಜೀನಾಮೆಯಿತ್ತರು, ಪ್ರತಿಪಕ್ಷದ ನಾಯಕ ಆರ್ಥರ್ ಮೀಘನ್ ಪ್ರಧಾನಿಯಾದರು. ಆದರೆ ಕೆಲವೇ ದಿನಗಳಲ್ಲಿ ಮೀಘನ್ ಸರ್ಕಾರ ಸದನದಲ್ಲಿ ಸೋತಿತು. ಕಿಂಗ್ ಅವರಿಗೆ ನಿರಾಕರಿಸಿದ್ದ ವಿಸರ್ಜನೆಯನ್ನು ಬಿಂಗ್ ಈಗ ಮೀಘನ್ ಅವರಿಗೆ ಕೊಡಬೇಕಾಯಿತು. ಸೆಪ್ಟೆಂಬರ್‌ನಲ್ಲಿ ನಡೆದ ಚುನಾವಣೆಯಲ್ಲಿ ಕಿಂಗ್ ಗೆದ್ದು ಮರಳಿದರು.

ಬಿಂಗ್ ಮಾಡಿದ್ದು ತಪ್ಪೋ ಸರಿಯೋ ಎಂಬ ಜಿಜ್ಞಾಸೆ ಇಂದಿಗೂ ಮುಗಿದಿಲ್ಲ. ಒಂದು ಮಾತನ್ನಂತೂ ಒಪ್ಪಬೇಕು. ಅವರ ತೀರ್ಮಾನ ಸದನದ ಬಾಯಿ ಮುಚ್ಚಿಸಲಿಲ್ಲ. ಮೀಘನ್ ಅವರಿಗೆ ಬಹುಮತವಿಲ್ಲವೆಂಬುದನ್ನು ಸದನವೇ ಹೇಳಿತು; ಅದನ್ನು ಬಿಂಗ್ ಕೇಳಿದರು. ಅದೇ ವರ್ಷ ಲಂಡನ್ನಿನಲ್ಲಿ ಸೇರಿದ ಸಾಮ್ರಾಜ್ಯ ಸಮ್ಮೇಳನವು ಗವರ್ನರ್ ಜನರಲ್ ಬ್ರಿಟಿಷ್ ಸರ್ಕಾರದ ಏಜೆಂಟರಲ್ಲ, ದೊರೆಯ ಪ್ರತಿನಿಧಿ ಮಾತ್ರ ಎಂದು ಸ್ಪಷ್ಟಪಡಿಸಿತು. ಇದರ ಪರಿಣಾಮ ದೂರಗಾಮಿಯಾಗಿತ್ತು. ಲಂಡನ್ನಿನ ಹಿಡಿತ ಸಡಿಲಗೊಂಡಂತೆ, ಗವರ್ನರ್ ಜನರಲ್ ನೇಮಕ ಹಾಗೂ ವಜಾದ ಕೀಲಿಕೈ ಆಯಾ ದೇಶದ ಪ್ರಧಾನಿಯ ಕೈಸೇರಿತು. 1932ರಲ್ಲಿ ಐರ್ಲೆಂಡಿನ ಡಿ ವೆಲೆರಾ ಅವರು ಗವರ್ನರ್ ಜನರಲ್ ಜೇಮ್ಸ್ ಮೆಕ್‌ನೀಲ್ ಅವರನ್ನು ಹುದ್ದೆಯಿಂದ ಹೊರನಡೆಯುವಂತೆ ಮಾಡಿ ಇದನ್ನು ತೋರಿಸಿಕೊಟ್ಟರು.

ಕ್ಯಾನ್‌ಬೆರಾದ ಆ ಮಧ್ಯಾಹ್ನ

ಈ ಕೀಲಿಕೈಯ ಭಯವೇ 1975ರ ಆಸ್ಟ್ರೇಲಿಯಾ ಬಿಕ್ಕಟ್ಟಿನ ತಿರುಳು. ಲೇಬರ್ ಪಕ್ಷದ ಪ್ರಧಾನಿ ಗಾಫ್ ವಿಟ್ಲಮ್ ಅವರಿಗೆ ಕೆಳಮನೆಯಲ್ಲಿ ಬಹುಮತವಿತ್ತು; ಮೇಲ್ಮನೆಯಾದ ಸೆನೆಟ್‌ನಲ್ಲಿ ಇರಲಿಲ್ಲ. ಮಾಲ್ಕಮ್ ಫ್ರೇಸರ್ ನೇತೃತ್ವದ ಪ್ರತಿಪಕ್ಷ ಅಕ್ಟೋಬರ್‌ನಲ್ಲಿ ಸೆನೆಟ್‌ನ ಬಲದಿಂದ ಧನವಿನಿಯೋಗ ವಿಧೇಯಕಗಳನ್ನು ತಡೆಹಿಡಿಯಿತು. ಸರ್ಕಾರದ ಬೊಕ್ಕಸ ಬರಿದಾಗುವ ದಿನ ಹತ್ತಿರವಾಗುತ್ತಿತ್ತು. ನವೆಂಬರ್ 11ರಂದು ಸೆನೆಟ್‌ನ ಅರ್ಧ ಸ್ಥಾನಗಳಿಗೆ ಚುನಾವಣೆ ನಡೆಸುವ ಸಲಹೆಯೊಂದಿಗೆ ವಿಟ್ಲಮ್ ಗವರ್ನರ್ ಜನರಲ್ ಸರ್ ಜಾನ್ ಕೆರ್ ಅವರ ನಿವಾಸಕ್ಕೆ ಹೋದರು. ಕೆರ್ ಅವರು ಕೈಗಿತ್ತದ್ದು ವಜಾ ಪತ್ರವನ್ನು. ಫ್ರೇಸರ್ ಅದಾಗಲೇ ಅದೇ ಕಟ್ಟಡದ ಇನ್ನೊಂದು ಕೋಣೆಯಲ್ಲಿ ಕಾಯುತ್ತಿದ್ದರು.

ಮುಂದಿನ ಕೆಲವು ಗಂಟೆಗಳನ್ನು ಗಮನಿಸಬೇಕು. ಹಂಗಾಮಿ ಪ್ರಧಾನಿ ಫ್ರೇಸರ್ ಅವರ ಪಕ್ಷ ಸೆನೆಟ್‌ನಲ್ಲಿ ಧನವಿನಿಯೋಗ ವಿಧೇಯಕಗಳನ್ನು ಅಂಗೀಕರಿಸಿತು. ವಜಾ ಸುದ್ದಿಯೇ ತಿಳಿಯದಿದ್ದ ಲೇಬರ್ ಸೆನೆಟರ್‌ಗಳೂ ಅದಕ್ಕೆ ನೆರವಾದರು. ಅತ್ತ ಕೆಳಮನೆಯಲ್ಲಿ ಫ್ರೇಸರ್ ವಿರುದ್ಧ 64-54 ಮತಗಳ ಅಂತರದಲ್ಲಿ ಅವಿಶ್ವಾಸ ನಿರ್ಣಯ ಅಂಗೀಕಾರವಾಯಿತು. ವಿಟ್ಲಮ್ ಅವರನ್ನೇ ಮತ್ತೆ ಕರೆಯಬೇಕೆಂದು ಸದನ ಕೋರಿತು. ನಿರ್ಣಯವನ್ನು ತಲುಪಿಸಲು ಸ್ಪೀಕರ್ ಗಾರ್ಡನ್ ಸ್ಕೋಲ್ಸ್ ಅನುಮತಿ ಕೇಳಿದರೆ, ಸಿಕ್ಕಿದ ಸಮಯ ಸಂಜೆ 4.45. ಅಷ್ಟರಲ್ಲಿ ಸಂಸತ್ತಿನ ಉಭಯ ಸದನಗಳ ವಿಸರ್ಜನೆಯ ಘೋಷಣೆಗೆ ಸಹಿ ಬಿದ್ದಾಗಿತ್ತು.

ಕೆರ್ ಪರವಾದ ವಾದವನ್ನು ತಳ್ಳಿಹಾಕುವಂತಿಲ್ಲ. ಖರ್ಚಿಗೆ ಸಂಸತ್ತಿನ ಒಪ್ಪಿಗೆ ಪಡೆಯಲಾರದ ಸರ್ಕಾರ ರಾಜೀನಾಮೆ ಕೊಡಬೇಕು, ಇಲ್ಲವೇ ಚುನಾವಣೆಗೆ ಹೋಗಬೇಕು; ಕೆರ್ ತೀರ್ಮಾನವನ್ನು ಜನರಿಗೇ ಒಪ್ಪಿಸಿದರು. ಡಿಸೆಂಬರ್ 13ರ ಚುನಾವಣೆಯಲ್ಲಿ ಫ್ರೇಸರ್ ಅವರ ಮೈತ್ರಿಕೂಟ 127ರಲ್ಲಿ 91 ಸ್ಥಾನಗಳನ್ನು ಗೆದ್ದದ್ದೂ ನಿಜ. ಆದರೆ ಚುನಾವಣೆಯ ಫಲಿತಾಂಶ ಆ ಮಧ್ಯಾಹ್ನದ ಪ್ರಶ್ನೆಗೆ ಉತ್ತರವಾಗದು. ಕೆಳಮನೆ ಸ್ಪಷ್ಟವಾಗಿ ನುಡಿದ ಮಾತನ್ನು ಕೇಳಿಸಿಕೊಳ್ಳುವ ಮುನ್ನವೇ ಅದರ ಬಾಗಿಲು ಮುಚ್ಚಲಾಯಿತು.

ಮೊದಲು ಯಾರು ಯಾರನ್ನು?

ಕೆರ್ ಅವರು ಪ್ರಧಾನಿಗೆ ಏಕೆ ಮುನ್ನೆಚ್ಚರಿಕೆ ನೀಡಲಿಲ್ಲ? ಅವರನ್ನು 1974ರಲ್ಲಿ ಆ ಹುದ್ದೆಗೆ ಶಿಫಾರಸು ಮಾಡಿದವರೇ ವಿಟ್ಲಮ್. ಎಚ್ಚರಿಸಿದ್ದರೆ ವಿಟ್ಲಮ್ ರಾಣಿಗೆ ಸಲಹೆಯಿತ್ತು ತಮ್ಮನ್ನೇ ತೆಗೆಸಿಹಾಕಬಹುದೆಂಬ ಆತಂಕ ಕೆರ್ ಅವರಿಗಿತ್ತು. ಇತಿಹಾಸಕಾರ್ತಿ ಜೆನ್ನಿ ಹಾಕಿಂಗ್ ಅವರ ಕಾನೂನು ಹೋರಾಟದ ಫಲವಾಗಿ 2020ರ ಜುಲೈನಲ್ಲಿ ಬಹಿರಂಗವಾದ ಕೆರ್ ಹಾಗೂ ಅರಮನೆಯ ನಡುವಿನ ಪತ್ರಗಳು ಇದನ್ನು ಇನ್ನಷ್ಟು ಸ್ಪಷ್ಟಪಡಿಸಿದವು. ಅಂತಹ ಸಲಹೆ ಬಂದರೆ ರಾಣಿಗೆ ಅದು ರುಚಿಸದು, ಆದರೂ ಕೊನೆಗೆ ಪ್ರಧಾನಿಯ ಮಾತನ್ನೇ ಒಪ್ಪಬೇಕಾಗುತ್ತದೆ ಎಂದು ರಾಣಿಯ ಖಾಸಗಿ ಕಾರ್ಯದರ್ಶಿ ಮಾರ್ಟಿನ್ ಚಾರ್ಟೆರಿಸ್ ಕೆರ್ ಅವರಿಗೆ ಬರೆದಿದ್ದರು. ವಜಾ ಮಾಡುವ ವಿಷಯವನ್ನು ಕೆರ್ ರಾಣಿಗೆ ಮೊದಲೇ ತಿಳಿಸಲಿಲ್ಲವೆಂಬುದೂ ಆ ಪತ್ರಗಳಿಂದ ದೃಢಪಟ್ಟಿತು.

ಈ ವ್ಯವಸ್ಥೆಯ ಮೂಲ ದೋಷ ಇಲ್ಲಿದೆ. ಪ್ರಧಾನಿಯನ್ನು ಗವರ್ನರ್ ಜನರಲ್ ತೆಗೆಯಬಹುದು; ಗವರ್ನರ್ ಜನರಲ್ ಅವರನ್ನು ಪ್ರಧಾನಿ ತೆಗೆಸಬಹುದು. ದೊರೆಗಿರುವ ಮೂರು ಹಕ್ಕುಗಳೆಂದರೆ ಸಮಾಲೋಚನೆಗೆ ಒಳಪಡುವುದು, ಪ್ರೋತ್ಸಾಹಿಸುವುದು, ಎಚ್ಚರಿಸುವುದು ಎಂದು ಬ್ರಿಟಿಷ್ ಚಿಂತಕ ವಾಲ್ಟರ್ ಬ್ಯಾಜೆಟ್ 19ನೇ ಶತಮಾನದಲ್ಲಿಯೇ ಹೇಳಿದ್ದರು. ದೊರೆಗೆ ಕುರ್ಚಿ ಕಳೆದುಕೊಳ್ಳುವ ಭಯವಿಲ್ಲದ ಕಾರಣ ಎಚ್ಚರಿಸುವುದು ಸುಲಭ. ಗವರ್ನರ್ ಜನರಲ್‌ಗೆ ಆ ಭದ್ರತೆಯಿಲ್ಲ. ಬಾಯಿಬಿಟ್ಟು ಎಚ್ಚರಿಸಬೇಕಾದವರು ಗುಟ್ಟಾಗಿ ಖಡ್ಗ ಹಿರಿಯುವಂತಾಗುವುದು ಈ ಕಾರಣಕ್ಕಾಗಿಯೇ.

ಒಂದೇ ಕಾನೂನು, ಎರಡು ದಾರಿ

ಭಯವಿಲ್ಲದ ಗವರ್ನರ್ ಜನರಲ್ ಹೇಗಿರಬಲ್ಲರೆಂಬುದಕ್ಕೆ ನಮ್ಮ ನೆರೆಯ ದೇಶದ ಉದಾಹರಣೆ ಇದೆ. 1947ರ ನಂತರ ಭಾರತ ಮತ್ತು ಪಾಕಿಸ್ತಾನಗಳೆರಡೂ, 1935ರ ಭಾರತ ಸರ್ಕಾರ ಕಾಯ್ದೆಯನ್ನೇ ಮಾರ್ಪಡಿಸಿಕೊಂಡು ಮಧ್ಯಂತರ ಸಂವಿಧಾನವಾಗಿ ಬಳಸಿದವು. ದೆಹಲಿಯಲ್ಲಿ ಮೌಂಟ್‌ಬ್ಯಾಟನ್, ಅವರ ನಂತರ ಸಿ. ರಾಜಗೋಪಾಲಾಚಾರಿ ಈ ಹುದ್ದೆಯಲ್ಲಿದ್ದು, 1950ರ ಜನವರಿ 26ರಂದು ಸಂವಿಧಾನ ಜಾರಿಯಾಗುವುದರೊಂದಿಗೆ ಹುದ್ದೆಯೇ ಕೊನೆಗೊಂಡಿತು. ಕರಾಚಿಯಲ್ಲಿ ನಡೆದದ್ದು ಬೇರೆ. 1953ರ ಏಪ್ರಿಲ್‌ನಲ್ಲಿ ಗವರ್ನರ್ ಜನರಲ್ ಗುಲಾಂ ಮುಹಮ್ಮದ್ ಅವರು, ಬಜೆಟ್‌ಗೆ ಆಗಷ್ಟೇ ಅನುಮೋದನೆ ಪಡೆದಿದ್ದ ಪ್ರಧಾನಿ ಖ್ವಾಜಾ ನಾಜಿಮುದ್ದೀನ್ ಅವರನ್ನು ವಜಾ ಮಾಡಿದರು. ಮರುವರ್ಷ ಸಂವಿಧಾನ ಸಭೆಯು ಈ ಅಧಿಕಾರಕ್ಕೆ ಕಡಿವಾಣ ಹಾಕುವ ತಿದ್ದುಪಡಿ ಮಾಡಿತು. 1954ರ ಅಕ್ಟೋಬರ್ 24ರಂದು ಸಭೆಯೇ ವಿಸರ್ಜನೆಗೊಂಡಿತು.

ಸಭೆಯ ಅಧ್ಯಕ್ಷ ತಮೀಜುದ್ದೀನ್ ಖಾನ್ ಸಿಂಧ್‌ನ ಮುಖ್ಯ ನ್ಯಾಯಾಲಯದಲ್ಲಿ ಗೆದ್ದರು. ಆದರೆ 1955ರಲ್ಲಿ ಮುಖ್ಯ ನ್ಯಾಯಮೂರ್ತಿ ಮುಹಮ್ಮದ್ ಮುನೀರ್ ನೇತೃತ್ವದ ಫೆಡರಲ್ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ರಿಟ್ ಹೊರಡಿಸಲು ಸಿಂಧ್ ನ್ಯಾಯಾಲಯಕ್ಕೆ ಅಧಿಕಾರ ಕೊಟ್ಟಿದ್ದ ಕಾನೂನಿಗೆ ಗವರ್ನರ್ ಜನರಲ್ ಅಂಕಿತವೇ ಬಿದ್ದಿಲ್ಲ ಎಂಬುದು ಕಾರಣ. ಕಳ್ಳನ ಸಹಿಯಿಲ್ಲದೆ ದೂರು ದಾಖಲಾಗದು ಎಂದಂತಾಯಿತು! ಪಾಕಿಸ್ತಾನದ ಪ್ರಜಾತಂತ್ರ ಹಳಿ ತಪ್ಪಿದ್ದು ಸೇನಾ ದಂಗೆಗೂ ಮುನ್ನ, ಈ ಹುದ್ದೆಯ ಮೂಲಕ.

ಕೇಳದೆ ಹಾಕಿದ ಸಹಿ

ಅಧಿಕಾರದ ಅತಿರೇಕದಷ್ಟೇ ಅದರ ಅಭಾವವೂ ಅಪಾಯಕಾರಿ. 2020-21ರಲ್ಲಿ ಆಸ್ಟ್ರೇಲಿಯಾದ ಪ್ರಧಾನಿ ಸ್ಕಾಟ್ ಮಾರಿಸನ್ ಆರೋಗ್ಯ, ಹಣಕಾಸು, ಖಜಾನೆ, ಗೃಹ ಸೇರಿದಂತೆ ಐದು ಖಾತೆಗಳಿಗೆ ತಮ್ಮನ್ನೂ ಗುಟ್ಟಾಗಿ ನೇಮಿಸಿಕೊಂಡರು. ಗವರ್ನರ್ ಜನರಲ್ ಡೇವಿಡ್ ಹರ್ಲಿ ಸಹಿ ಹಾಕಿದರು. ಸಂಸತ್ತಿಗೂ ಜನರಿಗೂ ತಿಳಿದದ್ದು 2022ರ ಆಗಸ್ಟ್‌ನಲ್ಲಿ. ನೇಮಕಗಳು ಕಾನೂನುಬದ್ಧ, ಸಹಿ ನಿರಾಕರಿಸುವ ವಿವೇಚನೆ ಗವರ್ನರ್ ಜನರಲ್‌ಗೆ ಇರಲಿಲ್ಲ ಎಂದು ಸಾಲಿಸಿಟರ್ ಜನರಲ್ ಅಭಿಪ್ರಾಯಪಟ್ಟರು. ಆದರೆ ಗೋಪ್ಯತೆಯಿಂದ ಹೊಣೆಗಾರ ಸರ್ಕಾರದ ತತ್ವಕ್ಕೆ ಧಕ್ಕೆಯಾಯಿತೆಂದೂ ಹೇಳಿದರು. ಕೆನಡಾದಲ್ಲಿ 2008ರ ಡಿಸೆಂಬರ್‌ನಲ್ಲಿ ಪ್ರಧಾನಿ ಸ್ಟೀಫನ್ ಹಾರ್ಪರ್ ವಿಶ್ವಾಸಮತ ಸೋಲುವ ಸೂಚನೆ ಕಂಡು ಅಧಿವೇಶನವನ್ನೇ ಸ್ಥಗಿತಗೊಳಿಸುವಂತೆ ಕೋರಿದಾಗ, ಗವರ್ನರ್ ಜನರಲ್ ಮಿಶೆಲ್ ಜಾನ್ ಒಪ್ಪಿದರು. ಕಾರಣಗಳನ್ನು ಆಗ ಬಹಿರಂಗಪಡಿಸಲಿಲ್ಲ. ಸದನ ಮತ್ತೆ ಸೇರುವ ಹೊತ್ತಿಗೆ ಪ್ರತಿಪಕ್ಷಗಳ ಮೈತ್ರಿ ಕರಗಿಹೋಗಿತ್ತು.

ಸದನದ ಹೊಸ್ತಿಲೇ ಗಡಿ

ಈ ಎಲ್ಲ ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಅಳತೆಗೋಲು ಕಾಣುತ್ತದೆ. ಸದನ ಮಾತಾಡುವುದಕ್ಕೆ ಅವಕಾಶ ಕಲ್ಪಿಸುವ ಮೀಸಲು ಅಧಿಕಾರ ಸಮರ್ಥನೀಯ. ಸದನದ ಮಾತನ್ನು ತಡೆಯುವ, ಮೀರುವ, ಮುಂದೂಡುವ ಅಧಿಕಾರ ಅನುಮಾನಾಸ್ಪದ. ಸಹಿ ಹಾಕುವುದಾಗಲಿ ನಿರಾಕರಿಸುವುದಾಗಲಿ, ಎರಡನ್ನೂ ಇದೇ ಒರೆಗಲ್ಲಿಗೆ ಹಚ್ಚಬಹುದು.

ಈ ಅಳತೆಗೋಲನ್ನು ನ್ಯಾಯಾಲಯದ ಮೂಲಕ ಸ್ಪಷ್ಟವಾಗಿ ಪಡೆದ ಹೆಗ್ಗಳಿಕೆ ಕರ್ನಾಟಕದ ಪ್ರಕರಣವೊಂದರದ್ದು. ನಮ್ಮ ರಾಜ್ಯಪಾಲರ ಹುದ್ದೆಯೂ ಅದೇ 1935ರ ಕಾಯ್ದೆಯ ಬಳುವಳಿ. 1989ರ ಏಪ್ರಿಲ್‌ನಲ್ಲಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರು 19 ಶಾಸಕರ ಪತ್ರಗಳನ್ನು ನಂಬಿ ಎಸ್.ಆರ್. ಬೊಮ್ಮಾಯಿ ಸರ್ಕಾರ ಬಹುಮತ ಕಳೆದುಕೊಂಡಿದೆಯೆಂದು ವರದಿ ಕಳಿಸಿದರು. ಅವರಲ್ಲಿ ಏಳು ಮಂದಿ ಮರುದಿನವೇ ಮಾತು ಬದಲಿಸಿದರು. ವಿಧಾನಸಭೆಯಲ್ಲಿ ಬಹುಮತ ಸಾಬೀತುಪಡಿಸುತ್ತೇನೆಂದ ಬೊಮ್ಮಾಯಿ ಅವರಿಗೆ ಅವಕಾಶ ಸಿಗಲಿಲ್ಲ. ಏಪ್ರಿಲ್ 21ರಂದು ಸರ್ಕಾರ ವಜಾಗೊಂಡಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿಯೇ ಹೊರತು ರಾಜಭವನದಲ್ಲಲ್ಲ ಎಂದು ಸಾರಿತು. 1975ರಲ್ಲಿ ಸ್ಪೀಕರ್ ಸ್ಕೋಲ್ಸ್ ಕೈಯಲ್ಲಿದ್ದ ನಿರ್ಣಯಕ್ಕೆ ಇಂತಹ ತೀರ್ಪಿನ ಬಲವಿದ್ದಿದ್ದರೆ ಆ ಸಂಜೆಯ ಕತೆ ಬೇರೆಯಾಗಬಹುದಿತ್ತು.

ಆಸ್ಟ್ರೇಲಿಯಾ 1999ರ ಜನಮತಗಣನೆಯಲ್ಲಿ ಗಣರಾಜ್ಯದ ಪ್ರಸ್ತಾಪವನ್ನು ತಿರಸ್ಕರಿಸಿತು. ಕೆರ್ ಬಳಸಿದ 64ನೇ ವಿಧಿ ಇಂದಿಗೂ ಹಾಗೆಯೇ ಇದೆ. ಸೆನೆಟ್ ಹಣ ತಡೆಯುವ ಅಧಿಕಾರವೂ ಉಳಿದಿದೆ. ಹೊಸದಾಗಿ ಗಣರಾಜ್ಯವಾಗಲು ಹೊರಟ ದೇಶಗಳು ದೊರೆಯ ಹೆಸರನ್ನು ತೆಗೆದು ಅಧ್ಯಕ್ಷರ ಹೆಸರನ್ನು ಬರೆದುಕೊಂಡರೆ ಸಾಲದು. ಆ ಕುರ್ಚಿಯಲ್ಲಿ ಕುಳಿತವರು ಯಾವ ಸಂದರ್ಭದಲ್ಲಿ, ಯಾರಿಗೆ ತಿಳಿಸಿ, ಯಾರಿಗೆ ಉತ್ತರದಾಯಿಯಾಗಿ ಖಡ್ಗ ಹಿರಿಯಬಹುದು ಎಂಬುದನ್ನೂ ಬರೆದಿಡಬೇಕು. ಒಳ್ಳೆಯವರೇ ಆ ಕುರ್ಚಿಗೆ ಬರುತ್ತಾರೆಂಬ ನಂಬಿಕೆಯ ಮೇಲೆ ಸಂವಿಧಾನವನ್ನು ನಡೆಸುವುದು ಎಷ್ಟು ದುಬಾರಿ ಎಂಬುದಕ್ಕೆ ಕರಾಚಿಯೇ ಸಾಕ್ಷಿ.